ಸೇಲ್ ಬೋರ್ಡ್ ಕೆಳಗಿಳಿಸುವ ಮೊದಲು ಜೆ.ಸಿ. ಪೆನ್ನಿ ಕಥೆ ಕೇಳಿ

ರೆಡಿಮೇಡ್ ಬಟ್ಟೆ ಅಂಗಡಿಗಳ ಒಂದು ಚೈನ್‌ನಲ್ಲಿ ಬೆಲೆ ನಿಗದಿ ಮಾಡುವ ಟೀಮ್‌ನಲ್ಲಿ ನನ್ನ ಕೆಲಸ. ಯಾವ ಕುರ್ತಾಗೆ ಯಾವ ವಾರ ಎಷ್ಟು ಪರ್ಸೆಂಟ್ ಇಳಿಸಬೇಕು, ಯಾವುದನ್ನು ಇಳಿಸದೆ ಇನ್ನೊಂದಿಷ್ಟು ದಿನ ತಡೆಯಬಹುದು, ಸೈಜ್ ಕಟ್ ಆದ (ಕೆಲವು ಸೈಜ್ ಮಾತ್ರ ಉಳಿದ) ಮಾಲನ್ನು ಯಾವ ಅಂಗಡಿಗೆ ಸಾಗಹಾಕಬೇಕು, ದಿನವಿಡೀ ಇದೇ ಲೆಕ್ಕ. ಈ ಕೆಲಸದಲ್ಲಿರುವವರ ಕಿವಿಗೆ ವರ್ಷಕ್ಕೊಮ್ಮೆಯಾದರೂ ಒಂದು ಮಾತು ಬಿದ್ದೇ ಬೀಳುತ್ತೆ: "ಈ ಸೇಲ್ ನಾಟಕ ಬಿಟ್ಟುಬಿಡೋಣ. 1,999 ಅಂತ ಟ್ಯಾಗ್ ಹಾಕಿ 999ಕ್ಕೆ ಕೊಡೋ ಬದಲು ಮೊದಲೇ 999 ಅಂತ ಹಾಕೋಣ. ಗಿರಾಕಿಗೂ ನೆಮ್ಮದಿ, ನಮಗೂ ನಿಯತ್ತು."

ಹೇಳುವವರು ದಡ್ಡರಲ್ಲ. ಮಾತಿನಲ್ಲಿ ಹುರುಳೂ ಇದೆ. ಆದರೆ ಇದನ್ನು ಅಮೆರಿಕದಲ್ಲಿ ಬಟ್ಟೆಬರೆ ಮಾರುವ, ನೂರು ವರ್ಷ ದಾಟಿದ ಒಂದು ದೊಡ್ಡ ಅಂಗಡಿ ಕಂಪನಿ ಮಾಡಿ ನೋಡಿ, ಕೈ ಸುಟ್ಟುಕೊಂಡು, ಲೆಕ್ಕವನ್ನು ಲೋಕದ ಮುಂದೆ ಇಟ್ಟಿದೆ. ಹಾಗಾಗಿ ಈ ಮಾತು ಎದ್ದಾಗಲೆಲ್ಲ ನಾನು ಜೆ.ಸಿ. ಪೆನ್ನಿ ಕಥೆ ತೆಗೆಯುತ್ತೇನೆ. ನಮ್ಮ ಟೀಮ್‌ನವರಿಗೆ ಅದು ಬಾಯಿಪಾಠ ಆಗಿಹೋಗಿದೆ, ಪಾಪ.

ಜೇಮ್ಸ್ ಕ್ಯಾಶ್ ಪೆನ್ನಿ (ತಮಾಷೆಯಲ್ಲ, ಅಪ್ಪ ಅಮ್ಮ ಇಟ್ಟ ಹೆಸರೇ ಅದು) 1902ರ ಏಪ್ರಿಲ್ 14ರಂದು ಅಮೆರಿಕದ ವಯೋಮಿಂಗ್ ರಾಜ್ಯದ ಕೆಮರರ್ ಎಂಬ ಗಣಿ ಊರಲ್ಲಿ ಅಂಗಡಿ ತೆರೆದ. ಅಂಗಡಿಯ ಹೆಸರು ಗೋಲ್ಡನ್ ರೂಲ್. ಅವನದು ಮೂರರಲ್ಲೊಂದು ಪಾಲು. ಅದಕ್ಕೆ ಬೇಕಿದ್ದ 2,000 ಡಾಲರ್‌ನಲ್ಲಿ ಕೈಲಿದ್ದದ್ದು 500, ಮಿಕ್ಕಿದ್ದು ಸಾಲ. ಸಂಸಾರ ಅಂಗಡಿಯ ಅಟ್ಟದ ಮೇಲೆ. ಮೊದಲ ದಿನದ ವ್ಯಾಪಾರ 466 ಡಾಲರ್ 59 ಸೆಂಟ್.

ಆ ಕಾಲದ ಗಣಿ ಊರುಗಳಲ್ಲಿ ಬಟ್ಟೆಬರೆ, ದಿನಸಿ ಎಲ್ಲ ಹೆಚ್ಚಾಗಿ ಗಣಿ ಕಂಪನಿಯದೇ ಅಂಗಡಿಯಲ್ಲಿ ಸಾಲದ ಮೇಲೆ. ಬರೆಸಿ ತಗೊಳ್ಳೋದು, ಸಂಬಳದಲ್ಲಿ ಹಿಡಿಸಿಕೊಳ್ಳೋದು. ಪೆನ್ನಿ ಅದರ ಎದುರಿಗೆ ಕೂತು ಎರಡೇ ಮಾತು ಹೇಳಿದ: ಸಾಲ ಇಲ್ಲ, ಚೌಕಾಸಿ ಇಲ್ಲ. ಎಲ್ಲರಿಗೂ ಒಂದೇ ಬೆಲೆ, ರೊಕ್ಕ ಇಟ್ಟು ಮಾಲು ಎತ್ತು. ಗಣಿ ಊರಲ್ಲಿ ಸಾಲ ಕೊಡದ ಅಂಗಡಿ ಉಳಿಯಲ್ಲ ಎಂದವರಿದ್ದರು. ಉಳಿಯಿತು. 1913ರಲ್ಲಿ ಕಂಪನಿಗೆ ಅವನದೇ ಹೆಸರು ಬಂತು. 1929ರ ಹೊತ್ತಿಗೆ ಸುಮಾರು 1,400 ಅಂಗಡಿ. ಸಾಲದ ವಿಷಯದಲ್ಲಿ ಅವನ ಹಟ ಎಷ್ಟಿತ್ತೆಂದರೆ ಕಂಪನಿ ಗಿರಾಕಿಗಳಿಗೆ ಕ್ರೆಡಿಟ್ ಕೊಡಲು ಶುರು ಮಾಡಿದ್ದೇ 1958ರಲ್ಲಿ. ನಡುವೆ 1940ರಲ್ಲಿ ಅಯೋವಾದ ಡಿ ಮೊಯಿನ್ ಅಂಗಡಿಗೆ ಒಬ್ಬ ಹುಡುಗ ಟ್ರೈನಿಯಾಗಿ ಸೇರಿದ. ಹೆಸರು ಸ್ಯಾಮ್ ವಾಲ್ಟನ್. ಮುಂದೆ ವಾಲ್‌ಮಾರ್ಟ್ ಕಟ್ಟಿದವನು ಅವನೇ. 1971ರಲ್ಲಿ ಪೆನ್ನಿ ತೀರಿಕೊಂಡಾಗ ವಯಸ್ಸು 95. ಅದಾಗಿ ಎರಡು ವರ್ಷಕ್ಕೆ ಅಂಗಡಿಗಳ ಸಂಖ್ಯೆ 2,000 ದಾಟಿತ್ತು.

ಇಲ್ಲಿಂದ 2011ಕ್ಕೆ ಹಾರುತ್ತೇನೆ. ನಡುವಿನ ದಶಕಗಳಲ್ಲಿ ಮಾಲ್‌ಗಳು ಬಂದವು, ಡಿಸ್ಕೌಂಟ್ ಅಂಗಡಿಗಳು ಬಂದವು, ಒಂದೇ ಬೆಲೆ ಎಂದು ಶುರುವಾದ ಅಂಗಡಿ ಕೂಪನ್ ಅಂಗಡಿಯಾಗಿತ್ತು. ಆ ವರ್ಷ ಕಂಪನಿ ನಡೆಸಿದ ಸೇಲ್, ಆಫರ್‌ಗಳ ಸಂಖ್ಯೆ 590. ಪೂರ್ತಿ ಬೆಲೆಗೆ ಮಾರಾಟವಾದ ಮಾಲು ಒಟ್ಟು ವ್ಯಾಪಾರದ ನೂರಕ್ಕೆ ಒಂದು ಪಾಲೂ ಇರಲಿಲ್ಲ. ನೂರಕ್ಕೆ 72ರಷ್ಟು ವ್ಯಾಪಾರ ಅರ್ಧ ಬೆಲೆಗೋ ಅದಕ್ಕಿಂತ ಕಡಿಮೆಗೋ ಆದದ್ದು. ಅಂದರೆ ಟ್ಯಾಗ್ ಮೇಲಿನ ಬೆಲೆಯನ್ನು ಯಾರೂ ಕೊಡುತ್ತಿರಲಿಲ್ಲ. ಅದು ಇದ್ದದ್ದು ಗೀಟು ಹೊಡೆಸಿಕೊಳ್ಳಲಿಕ್ಕೆ.

ಆಗ ಸಿಇಒ ಆಗಿ ಬಂದವನು ರಾನ್ ಜಾನ್ಸನ್. ಆ್ಯಪಲ್ ಸ್ಟೋರ್‌ಗಳನ್ನು ರೂಪಿಸಿದವನು, ಅದಕ್ಕೂ ಮುಂಚೆ ಟಾರ್ಗೆಟ್ ಎಂಬ ಅಮೆರಿಕದ ಅಂಗಡಿ ಚೈನ್‌ನಲ್ಲಿ ಇದ್ದವನು. ಮೇಲಿನ ಅಂಕಿಗಳನ್ನು ನೋಡಿ ನಮ್ಮ ಮೀಟಿಂಗ್‌ನವರು ಹೇಳಿದ್ದನ್ನೇ ಅವನೂ ಹೇಳಿದ. 2012ರ ಫೆಬ್ರವರಿ 1ರಿಂದ ಟ್ಯಾಗ್‌ಗಳ ಬೆಲೆ ಹಿಂದಿನ ವರ್ಷದ್ದಕ್ಕಿಂತ 40 ಪರ್ಸೆಂಟಾದರೂ ಕಡಿಮೆ. ಕೂಪನ್ ಬಂದ್. 99 ಸೆಂಟ್‌ನ ಬಾಲ ಇಲ್ಲ, ಇಡೀ ಡಾಲರ್‌ನ ಬೆಲೆ. ಹಳೇ ಮಾಲಿನ ಕ್ಲಿಯರೆನ್ಸ್ ಮಾತ್ರ ತಿಂಗಳ ಮೊದಲ ಮತ್ತು ಮೂರನೇ ಶುಕ್ರವಾರ. ಯೋಚಿಸಿ ನೋಡಿ, ಇದು ಹೆಚ್ಚುಕಡಿಮೆ 1902ರ ಪೆನ್ನಿಯದೇ ನೀತಿ. ಸಂಸ್ಥಾಪಕನ ದಾರಿಗೇ ಕಂಪನಿ ವಾಪಸ್ ಬಂದಂತಾಯಿತು.

ಒಂದೇ ವರ್ಷದಲ್ಲಿ ವ್ಯಾಪಾರ ಸುಮಾರು 1,726 ಕೋಟಿ ಡಾಲರ್‌ನಿಂದ 1,298 ಕೋಟಿಗೆ ಕುಸಿಯಿತು. ಕಾಲು ಭಾಗ ಮಾಯ. ನಷ್ಟ 98.5 ಕೋಟಿ ಡಾಲರ್. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹೊರಗೆ, ಅವನಿಗಿಂತ ಮುಂಚೆ ಇದ್ದ ಸಿಇಒ ವಾಪಸ್ಸು, ಕೂಪನ್‌ಗಳೂ ವಾಪಸ್ಸು. 2020ರ ಮೇ 15ರಂದು, ಕೊರೊನಾ ಕಾಲದಲ್ಲಿ, ಕಂಪನಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಮಾಲ್ ಮಾಲೀಕರಾದ ಸೈಮನ್ ಮತ್ತು ಬ್ರೂಕ್‌ಫೀಲ್ಡ್ ಕೊಂಡು ಉಳಿಸಿಕೊಂಡರು.

ಎಲ್ಲ ಪಾಪವನ್ನೂ ಕೂಪನ್ ತೆಗೆದದ್ದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಜಾನ್ಸನ್ ಅದೇ ಹೊತ್ತಿಗೆ ಅಂಗಡಿಗಳ ಒಳಗನ್ನು ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದ, ಜನ ಕೇಳಿಕೊಂಡು ಬರುತ್ತಿದ್ದ ಸ್ವಂತ ಬ್ರಾಂಡ್‌ಗಳನ್ನು ಬದಿಗೆ ಸರಿಸಿದ, ಸಾವಿರಾರು ಜನರನ್ನು ಕೆಲಸದಿಂದ ತೆಗೆದ. ಆದರೆ ನನ್ನ ಕೆಲಸಕ್ಕೆ ಬೇಕಾದ ಪ್ರಶ್ನೆ ಬೇರೆ: ಗಣಿ ಊರಲ್ಲಿ ಗೆದ್ದ ನೀತಿ ಮಾಲ್‌ನಲ್ಲಿ ಯಾಕೆ ಸೋತಿತು?

ನನಗೆ ಹೊಳೆಯುವುದು ಇಷ್ಟು. ಕೆಮರರ್‌ನ ಗಿರಾಕಿ ಪೆನ್ನಿಯ ಬೆಲೆಯನ್ನು ಕಂಪನಿ ಅಂಗಡಿಯ ಸಾಲದ ಲೆಕ್ಕದ ಪಕ್ಕ ಇಟ್ಟು ನೋಡುತ್ತಿದ್ದ. ಹೋಲಿಸಲಿಕ್ಕೆ ಅವನಿಗೆ ಎದುರಿನ ಅಂಗಡಿ ಇತ್ತು. 2012ರ ಗಿರಾಕಿಗೆ ಹೋಲಿಸಲಿಕ್ಕೆ ಇದ್ದದ್ದು ಗೀಟು ಹೊಡೆದ ಆ ಸಂಖ್ಯೆ ಒಂದೇ. ಅದನ್ನೇ ತೆಗೆದಾಗ, 20 ಡಾಲರ್‌ನ ಅಂಗಿ 20 ಡಾಲರ್ ಬೆಲೆಬಾಳುತ್ತೋ ಇಲ್ಲವೋ ಅವಳಿಗೆ ಹೇಗೆ ಗೊತ್ತಾಗಬೇಕು? ಜೊತೆಗೆ ಭಾನುವಾರದ ಪೇಪರ್‌ನಿಂದ ಕೂಪನ್ ಕತ್ತರಿಸಿ ಜೋಪಾನ ಮಾಡಿ ತಂದವಳಿಗೆ ತನ್ನ ಜಾಣತನದ ಬಗ್ಗೆ ಒಂದು ಖುಷಿ ಇರುತ್ತೆ. ಅದನ್ನು ಕಿತ್ತುಕೊಂಡು "ಇದೇ ನಿಮಗೆ ಒಳ್ಳೇದು" ಎಂದರೆ ಯಾರು ಒಪ್ಪುತ್ತಾರೆ?

ಅಮೆರಿಕದ ಮಾತು ಬಿಡಿ, ನಮ್ಮ ಕ್ಯಾಶ್ ಕೌಂಟರ್‌ಗೇ ಬನ್ನಿ. ನಮ್ಮ ಬಿಲ್‌ನ ಕೆಳಗೆ "ನಿಮ್ಮ ಉಳಿತಾಯ" ಅಂತ ಒಂದು ಸಾಲು ಪ್ರಿಂಟ್ ಆಗುತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಯಿಸಿದಾಗ ಕೆಲವು ದಿನ ಆ ಸಾಲು ಬಿಟ್ಟುಹೋಗಿತ್ತು. ಬೆಲೆ ಅದೇ, ಡಿಸ್ಕೌಂಟ್ ಅದೇ. ಆದರೂ ಜಯನಗರದ ಅಂಗಡಿಯಲ್ಲಿ ಕೌಂಟರ್ ಹುಡುಗರಿಗೆ ಸಾಕುಬೇಕಾಯಿತು. ಒಬ್ಬರು ಹಿರಿಯ ಹೆಂಗಸು ಬಿಲ್ ಹಿಡಿದು ಒಂದೊಂದು ಟ್ಯಾಗ್‌ನ ಎಂಆರ್‌ಪಿ ಪಕ್ಕ ಪೆನ್ನಿನಲ್ಲಿ ಬರೆದು, ತಾವೇ ಕೂಡಿ ಕಳೆದು, "ಸರಿ, 1,140 ಉಳೀತು" ಅಂತ ಹೇಳಿದ ಮೇಲೇ ಕಾರ್ಡ್ ಕೊಟ್ಟರು. ಹಿಂದೆ ಸಾಲು ಬಾಗಿಲವರೆಗೆ ನಿಂತಿತ್ತು. ಅವರು ಟ್ಯಾಗ್ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದೂ ನೋಡಿದ್ದರು, ಕೆಳಗೆ ಬೇರೆ ಬೆಲೆ ಇದೆಯೇನೋ ಅಂತ. ಬೆಲೆ ಇಳಿಸಿದ ಸ್ಟಿಕ್ಕರ್ ಮೂಲ ಎಂಆರ್‌ಪಿಯನ್ನು ಮುಚ್ಚಬಾರದು ಎಂಬ ನಿಯಮವೇ ಇದೆ. ಆ ನಿಯಮ ಓದದಿದ್ದರೂ ಅವರ ಉಗುರಿಗೆ ಅದು ಗೊತ್ತಿತ್ತು.

ಇನ್ನು ನಮ್ಮಲ್ಲಿ ಆಷಾಢ ಬೇರೆ. ಮದುವೆ, ಮುಹೂರ್ತ ಇಲ್ಲದ ತಿಂಗಳು. ಹೊಸ ಮದುಮಗಳು ತವರಿಗೆ ಹೋಗಿರುತ್ತಾಳೆ, ಬಟ್ಟೆ ಅಂಗಡಿಯವರು ನೊಣ ಹೊಡೆಯುವ ಸಮಯ. ಆ ಖಾಲಿ ದಿನಗಳನ್ನು ತುಂಬಲು ಸೀರೆ ಅಂಗಡಿಗಳು ಹುಟ್ಟುಹಾಕಿದ ಆಷಾಢ ಸೇಲ್ ಈಗ ಜನರ ಕ್ಯಾಲೆಂಡರ್‌ನಲ್ಲೇ ಕೂತಿದೆ. ನಮ್ಮಂಥ ಚೈನ್‌ಗಳ ಸೀಸನ್ ಮುಗಿದ ಸೇಲ್ ಕೂಡ ಜೂನ್ ಕೊನೆಗೆ ಶುರುವಾಗಿ ಅದರ ಜೊತೆಗೇ ಬೆರೆತುಹೋಗುತ್ತೆ. ಮುಂಬೈ ಹೆಡ್ ಆಫೀಸಿನಿಂದ ಬಂದವರಿಗೆ ಇದನ್ನು ವಿವರಿಸೋದರಲ್ಲೇ ನನ್ನ ಅರ್ಧ ಜೂನ್ ಕಳೆಯುತ್ತೆ. ಶ್ರಾವಣಕ್ಕೆ ವರಮಹಾಲಕ್ಷ್ಮಿ ಹಬ್ಬ ಬಂದರೆ ಅದೇ ಗಿರಾಕಿ ಪೂರ್ತಿ ಬೆಲೆಗೆ ಕೊಳ್ಳುತ್ತಾಳೆ, ಕೇಳುವುದೂ ಇಲ್ಲ. ಆಷಾಢದಲ್ಲಿ ಮಾತ್ರ ಬೋರ್ಡ್ ಕಾಣದಿದ್ದರೆ ಒಳಗೆ ಕಾಲಿಡಲ್ಲ.

ಸಂಖ್ಯೆಗಳ ಹಿಂದೆ ತೆರಿಗೆಯ ಕೈಯೂ ಇದೆ. 1,000 ರೂಪಾಯಿವರೆಗಿನ ಉಡುಪಿಗೆ 5 ಪರ್ಸೆಂಟ್ ಜಿಎಸ್‌ಟಿ, ದಾಟಿದರೆ 12 ಇದ್ದ ಕಾಲದಲ್ಲಿ 999 ನಮಗೆ ಬರೀ ಕಣ್ಣಿಗೆ ಚಂದದ ಬೆಲೆ ಆಗಿರಲಿಲ್ಲ. ತೆರಿಗೆ ಲೆಕ್ಕ ಡಿಸ್ಕೌಂಟ್ ಕಳೆದ ಮೇಲಿನ ಬೆಲೆಗೆ, ಹಾಗಾಗಿ 1,000ದ ಗೆರೆಯ ಕೆಳಗೆ ಬರುವಷ್ಟು ಡಿಸ್ಕೌಂಟ್ ಕೊಟ್ಟರೆ ಸರ್ಕಾರವೂ ಸ್ವಲ್ಪ ಕೈ ಜೋಡಿಸಿದ ಹಾಗೆ. 2025ರ ಸೆಪ್ಟೆಂಬರ್ 22ರಿಂದ ಆ ಗೆರೆ 2,500ಕ್ಕೆ ಹೋಗಿದೆ, ಮೇಲಿನದಕ್ಕೆ 18. ಬೆಲೆಪಟ್ಟಿ ಎಲ್ಲ ಮತ್ತೆ ಬರೆಯಬೇಕಾಯಿತು. "ಮೊದಲೇ 999 ಹಾಕೋಣ" ಎನ್ನುವ ಗುಂಪು ಹೊಸ ಹುರುಪಿನಲ್ಲಿ ಎದ್ದದ್ದೂ ಆಗಲೇ.

ಈ ಸಲ ನಾನು ವಾದಕ್ಕೆ ಇಳಿಯಲಿಲ್ಲ, ಜಾನ್ಸನ್ ಬಿಟ್ಟ ಕೆಲಸ ಮಾಡೋಣ ಎಂದೆ. ಮೊದಲು ಕೆಲವು ಅಂಗಡಿಗಳಲ್ಲಿ ಪರೀಕ್ಷೆ ಮಾಡಿ ನೋಡಿ ಎಂಬ ಸಲಹೆಯನ್ನು ಅವನು ಒಪ್ಪಿರಲಿಲ್ಲ. 1,100 ಅಂಗಡಿಗೆ ಒಂದೇ ಬೆಳಗ್ಗೆ ಬೆಲೆ ಬದಲು. ನಾವು ಜಯನಗರದ ಅಂಗಡಿ, ವೈಟ್‌ಫೀಲ್ಡ್ ಅಂಗಡಿ ಎರಡರಲ್ಲೇ ಗೀಟು ಬೆಲೆ ತೆಗೆದು ನೇರ ಬೆಲೆ ಹಾಕಿದೆವು.

ಕುರ್ತಾ, ಅನಾರ್ಕಲಿ, ಹಬ್ಬದ ಬಟ್ಟೆ ಎರಡೂ ಕಡೆ ಮುಗ್ಗರಿಸಿದವು. ಜಯನಗರದಲ್ಲಂತೂ "ಸೇಲ್ ಯಾವಾಗ ಹಾಕ್ತೀರಿ?" ಅಂತ ಕೇಳಿ, ಸೆಕ್ಯುರಿಟಿಯವನ ಹತ್ತಿರ ತಾರೀಖು ಖಚಿತ ಮಾಡಿಕೊಂಡು ಹೋಗುತ್ತಿದ್ದರು. ಆದರೆ ಬನಿಯನ್, ಸಾಕ್ಸ್, ಲೆಗ್ಗಿಂಗ್ಸ್, ಮಕ್ಕಳ ಶಾರ್ಟ್ಸ್ ಮೇಲೆ ಒಂದಿಷ್ಟೂ ಪೆಟ್ಟು ಬೀಳಲಿಲ್ಲ. ಇವು ತಿಂಗಳು ತಿಂಗಳು ಕೊಳ್ಳುವ ಮಾಲು. ಲೆಗ್ಗಿಂಗ್ಸ್‌ಗೆ ಎಷ್ಟು ಅಂತ ಗಿರಾಕಿಗೆ ನಮಗಿಂತ ಚೆನ್ನಾಗಿ ಗೊತ್ತು, ಗೀಟಿನ ಹಂಗು ಬೇಕಿಲ್ಲ. ವೈಟ್‌ಫೀಲ್ಡ್‌ನಲ್ಲಿ ಸಾಕ್ಸ್ ವ್ಯಾಪಾರ ಸ್ವಲ್ಪ ಏರಿತು ಕೂಡ. ಅದರ ಶ್ರೇಯಸ್ಸನ್ನು ನಾನು ಬೆಲೆಗೆ ಕೊಡಲಾರೆ, ಶಾಲೆ ಶುರುವಾಗುವ ಸಮಯ ಅದು.

ಈಗ ದಿನಬಳಕೆಯ ಮಾಲಿಗೆಲ್ಲ ವರ್ಷಪೂರ್ತಿ ಒಂದೇ ಬೆಲೆ, ಸೇಲ್‌ನಲ್ಲೂ ಇಳಿಸುವುದಿಲ್ಲ. ಹಬ್ಬದ ಬಟ್ಟೆಗೆ ಗೀಟು ಇದ್ದೇ ಇದೆ. ಫೈನಾನ್ಸ್‌ನವರು ಇದನ್ನು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಅನ್ನುತ್ತಾರೆ, ಒಂದೇ ಅಂಗಡಿಗೆ ಒಂದೇ ನೀತಿ ಇರಲಿ ಅಂತ ಅವರ ಪಟ್ಟು. ಮುಂದಿನ ವಾರ ಮತ್ತೆ ಮೀಟಿಂಗ್ ಇದೆ. ಮಕ್ಕಳ ಪಾರ್ಟಿ ಫ್ರಾಕ್‌ಗಳನ್ನು ಯಾವ ಕಡೆ ಸೇರಿಸಬೇಕು ಅನ್ನುವುದೇ ಅದರ ಅಜೆಂಡಾ. ನನ್ನ ಓಟು ಗೀಟಿನ ಕಡೆಗೆ.