ಬೆಂಗಳೂರಲ್ಲಿ ಮೈನಸ್ 40 ಡಿಗ್ರಿ

"ಅದು ನಿಮಗೆ ಅರ್ಥ ಆಗಲ್ಲ ಬಿಡಿ ಸರ್."

ಮಾತಿಗೆ ಬೇಜಾರಿಲ್ಲ. ಹಾಗೆ ಹೇಳುತ್ತಲೇ ಸರ್ವಿಸ್ ಸೆಂಟರಿನ ಆ ಹುಡುಗ ಲ್ಯಾಪ್‌ಟಾಪ್ ಸ್ಕ್ರೀನನ್ನು ತನ್ನ ಕಡೆ ತಿರುಗಿಸಿಕೊಂಡನಲ್ಲ, ಅದೇ ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿದೆ. ಕಾರು ನಂದು. ಎಂಜಿನ್ನಿನಲ್ಲಿ ಏನೋ ದೋಷ ಇದೆ ಅನ್ನೋ ದೀಪ ಹತ್ತಿರೋದು ನನ್ನ ಡ್ಯಾಶ್‌ಬೋರ್ಡಲ್ಲಿ. ಸ್ಕ್ಯಾನಿಂಗ್ ಚಾರ್ಜ್ ಅಂತ ಬಿಲ್ ಆಗೋದೂ ನನ್ನ ಹೆಸರಿಗೇ. ಅಲ್ಲೇನು ಬರೆದಿದೆ ಅಂತ ನೋಡೋಕೆ ಮಾತ್ರ ನಾನು ಬೇಡ.

ಆಕ್ಸಿಜನ್ ಸೆನ್ಸರ್ ಹೋಗಿದೆ, ಎಂಟು ಸಾವಿರದ ಮೇಲಾಗುತ್ತೆ ಅಂದ. ಹುಡುಗ ಕೆಟ್ಟವನೇನಲ್ಲ. ಟೈ ಕಟ್ಟಿಕೊಂಡು ಬಿಸಿಲಲ್ಲಿ ನಿಂತು, ತಿಂಗಳ ಟಾರ್ಗೆಟ್ ಮುಟ್ಟಿಸೋಕೆ ಒದ್ದಾಡ್ತಿರೋ ಪಾಪದವನು. ಆದರೆ ಕಾರು ತೋರಿಸಿದ ದೋಷದ ಕೋಡ್ ಎಷ್ಟು ಅಂತ ಕೇಳಿದ್ದಕ್ಕೆ ಯಾಕೆ ಹಾಗೆ ಬೆಚ್ಚಿಬೀಳಬೇಕು? ಯೋಚನೆ ಮಾಡಿ ಹೇಳ್ತೀನಿ ಅಂದು ಕಾರು ತಗೊಂಡು ಬಂದೆ. ಭಾವ ಫೋನಲ್ಲಿ ಬೈದರು: "ಸುಮ್ನೆ ದುಡ್ಡು ಕೊಟ್ಟು ಮಾಡಿಸ್ಕೊಳ್ಳೋದು ಬಿಟ್ಟು ನಿಂದೊಂದು." ಭಾವನಿಗೆ ದುಡ್ಡು ಕೊಟ್ಟು ಮುಗಿಸಲಾಗದ ಸಮಸ್ಯೆ ಇನ್ನೂ ಎದುರಾಗಿಲ್ಲ.

ಎಸ್‌ಪಿ ರೋಡಿಗೆ ಹೋಗಿ ಒಂದು ಯುಎಸ್‌ಬಿ ಕೇಬಲ್ ತಂದೆ. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಸ್ಟಿಯರಿಂಗ್ ಕೆಳಗೆ ಅಡಗಿರುವ 16 ಪಿನ್ನಿನ ಸಾಕೆಟ್ಟಿಗೆ. ನಡುವಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಚಿಪ್. ಯುಎಸ್‌ಬಿಯನ್ನು ಹಳೇ ಸೀರಿಯಲ್ ಪೋರ್ಟ್ ಮಾಡೋದು ಒಂದು, ಸೀರಿಯಲ್ಲನ್ನು ಕಾರಿನ ಭಾಷೆಗೆ ಬದಲಾಯಿಸೋದು ಇನ್ನೊಂದು. ಎರಡನೆಯದು ಈ ಕೆಲಸಕ್ಕೆ ಹೆಸರಾದ ಇಎಲ್‌ಎಂ327 ಅನ್ನೋ ಚಿಪ್ಪಿನ ನಕಲು. ಕೇಳಿದರೆ ತಾನು 1.5ನೇ ಆವೃತ್ತಿ ಅನ್ನುತ್ತೆ. ಅಸಲಿ ಕಂಪನಿ ಆ ಹೆಸರಲ್ಲಿ ಆವೃತ್ತಿಯನ್ನೇ ತಂದಿರಲಿಲ್ಲ! ಇರಲಿ, ಕೆಲಸ ಮಾಡುತ್ತೆ.

ಮಾಡುತ್ತೆ ಅಂದೆ, ಮೊದಲು ಮಾಡಲಿಲ್ಲ. ನನ್ನ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಂ ಉಬುಂಟು 22.04ರಲ್ಲಿ ಪೋರ್ಟ್ ಒಂದು ಕ್ಷಣ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಹುಡುಕಿದರೆ ಕಾರಣ ಮಜವಾಗಿದೆ. ಕಣ್ಣು ಕಾಣದವರು ಬೆರಳಲ್ಲಿ ಓದುವ ಬ್ರೈಲ್ ಸಾಧನಗಳಿಗಾಗಿ ಅದರಲ್ಲಿ ಒಂದು ಪ್ರೋಗ್ರಾಂ ಇದೆ. ಅಂಥ ಕೆಲವು ಸಾಧನಗಳಲ್ಲೂ ನನ್ನ ಕೇಬಲ್ಲಿನಲ್ಲಿರುವ ಸಿಎಚ್340 ಚಿಪ್ಪೇ ಇರೋದ್ರಿಂದ, ಇದೂ ತನ್ನದೇ ಅಂತ ಎಳೆದುಕೊಂಡುಬಿಡುತ್ತೆ. ನನಗೆ ಅದರ ಅಗತ್ಯ ಇರಲಿಲ್ಲ, ತೆಗೆದುಹಾಕಿದೆ. ಪೋರ್ಟ್ ನಿಂತಿತು.

ಬೆಳಿಗ್ಗೆ ಪಾರ್ಕಿಂಗಲ್ಲಿ ಕೂತು, ಎಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿ ಕಮಾಂಡ್ ಕೊಟ್ಟೆ. ನನ್ನದು 2013ರ ಪುಟ್ಟ ಕಾರು, ಕೆ-ಲೈನ್ ಅನ್ನೋ ಒಂದೇ ತಂತಿಯ ಮೇಲೆ ಮಾತಾಡುವ ಕಾಲದ್ದು. ಅದನ್ನು ಎಬ್ಬಿಸೋ ಕ್ರಮವೇ ಚೆಂದ. ಸೆಕೆಂಡಿಗೆ ಐದೇ ಐದು ಬಿಟ್. ವಿಳಾಸ ಹೇಳಿ ಮುಗಿಸೋಕೇ ಎರಡು ಸೆಕೆಂಡು ಬೇಕು. ಕಾರು ಓಗೊಟ್ಟ ಮೇಲೆ ಸೆಕೆಂಡಿಗೆ 10,400 ಬಿಟ್ಟಿನ ವೇಗ. ಸ್ಕ್ರೀನ್ ಮೇಲೆ 'ಬಸ್ ಇನಿಟ್' ಅಂತ ಬಂತು, ಮೂರು ಚುಕ್ಕಿ, ಆಮೇಲೆ 'ಓಕೆ'. ಇಷ್ಟು ವರ್ಷ ಓಡಿಸಿದ ಕಾರು ಮೊದಲ ಸಲ ನನಗೇ ನೇರವಾಗಿ ಉತ್ತರ ಕೊಟ್ಟಿತು. ಒಬ್ಬನೇ ಕೂತು ನಕ್ಕೆ.

ದೋಷದ ಕೋಡ್ ಕೇಳಿದೆ. 43 01 13 ಅಂತ ಬಂತು. 43 ಅನ್ನೋದು ಇದು ದೋಷದ ಉತ್ತರ ಅನ್ನೋ ಗುರುತು, ಉಳಿದದ್ದು ಕೋಡ್: ಪಿ0113. ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ಸರ್ಕ್ಯೂಟಲ್ಲಿ ವೋಲ್ಟೇಜ್ ಜಾಸ್ತಿ. ಆಕ್ಸಿಜನ್ ಸೆನ್ಸರಿನ ಸುದ್ದಿಯೇ ಇಲ್ಲ.

ಎಂಜಿನ್ನಿನ ನೀರಿನ ಉಷ್ಣತೆ ಕೇಳಿದೆ. 42 ಅಂತು. ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕದ 42 ಅಂದರೆ 66, ನಿಯಮದಂತೆ ಅದರಲ್ಲಿ 40 ಕಳೆದರೆ 26 ಡಿಗ್ರಿ. ಸರಿ, ಬೆಳಗಿನ ಹೊತ್ತು. ಒಳಬರುವ ಗಾಳಿದು ಕೇಳಿದೆ. 00 ಅಂತು. ಸೊನ್ನೆಯಲ್ಲಿ 40 ಕಳೆದರೆ? ಮೈನಸ್ 40! ಪಕ್ಕದಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಬನಿಯನ್ನಲ್ಲಿ ನಿಂತಿದ್ದ ನೆರೆಮನೆಯವರನ್ನು ನೋಡಿದೆ. ಅವರು ಹೆಪ್ಪುಗಟ್ಟಿರಲಿಲ್ಲ.

ಈ ಸೆನ್ಸರಿನ ಸ್ವಭಾವ ಇಷ್ಟೇ: ಚಳಿ ಹೆಚ್ಚಿದಷ್ಟೂ ಅದರ ರೆಸಿಸ್ಟೆನ್ಸ್ ಹೆಚ್ಚುತ್ತೆ. ತಂತಿ ಎಲ್ಲೋ ಬಿಟ್ಟುಹೋದರೆ ರೆಸಿಸ್ಟೆನ್ಸ್‌ಗೆ ಮಿತಿಯೇ ಇಲ್ಲ, ಕಾರಿನ ಕಂಪ್ಯೂಟರಿಗೆ ಅದು ವಿಪರೀತ ಚಳಿ. ಬಾನೆಟ್ ಎತ್ತಿದೆ. ಏರ್ ಫಿಲ್ಟರ್ ಡಬ್ಬಿಯ ಮೇಲೆ ಎರಡು ತಂತಿಯ ಪುಟ್ಟ ಕನೆಕ್ಟರ್. ಬಿಚ್ಚಿದರೆ ಒಂದು ಪಿನ್ನಿಗೆ ಹಸಿರು ಕಿಲುಬು. ಸ್ಪ್ರೇ ಹೊಡೆದು, ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ಟಕ್ ಅನ್ನೋವರೆಗೆ ಒತ್ತಿದೆ. ಮತ್ತೆ ಕೇಳಿದರೆ 27 ಡಿಗ್ರಿ. ಕೋಡ್ ಅಳಿಸಿದೆ. ದೀಪ ಮತ್ತೆ ಹತ್ತಿಲ್ಲ.

ಖುಷಿಯಾಗಬೇಕಿತ್ತು, ಆಯ್ತು ಕೂಡ. ಆದರೆ ಆ ಸ್ಕ್ರೀನ್ ತಿರುಗಿದ್ದು ಮತ್ತೆ ಕಣ್ಣ ಮುಂದೆ ಬಂತು. ಅವನಿಗೂ ಇದೇ ಕೋಡ್ ಕಂಡಿತ್ತಾ? ಕಂಡೂ ಬೇರೆ ಹೇಳಿದನಾ, ಅಥವಾ ಅವನಿಗೇ ಅರ್ಥ ಆಗಿರಲಿಲ್ವಾ? ನನಗೆ ಎರಡನೆಯದೇ ನಿಜ ಅನ್ನಿಸುತ್ತೆ. ಗೊತ್ತಿರೋರು ಸ್ಕ್ರೀನ್ ತೋರಿಸೋಕೆ ಹೆದರಲ್ಲ.

ತಮಾಷೆ ಅಂದರೆ ಇದು ಯಾರ ಮನೆಯ ಗುಟ್ಟೂ ಅಲ್ಲ. ಹೊಗೆಯ ಕಾಟಕ್ಕೆ ಕ್ಯಾಲಿಫೋರ್ನಿಯಾ ಮೊದಲು ನಿಯಮ ತಂದಿತು. ಕಾರು ತನ್ನ ದೋಷವನ್ನು ತಾನೇ ಕೋಡಿನಲ್ಲಿ ಹೇಳುವ ಈ ಒಬಿಡಿ-2 ವ್ಯವಸ್ಥೆ 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್4 ಅನ್ನೋ ಹೊಗೆ ನಿಯಮದ ಕಾರುಗಳಿಗೆ ಅದು ಬಂದದ್ದು 2013ರ ಏಪ್ರಿಲ್‌ನಲ್ಲಿ. ಸಾಕೆಟ್ಟಿನ ಆಕಾರ, ಯಾವ ಪಿನ್ನಿನಲ್ಲಿ ಏನು, ಪಿ0113 ಅಂದರೇನು, ಎಲ್ಲ ಅಚ್ಚಾಗಿದೆ. ಯಾರು ಬೇಕಾದರೂ ಓದಲಿ ಅಂತಲೇ ಮಾಡಿದ್ದು.

ನಮ್ಮಜ್ಜ ಶ್ಯಾನುಭೋಗರ ಮನೆ ಜಗುಲಿ ಕೆಳಗೆ ನಿಂತು ಪಹಣಿ ಕೇಳುತ್ತಿದ್ದ ಕಥೆ ಅಪ್ಪ ಹೇಳುತ್ತಿದ್ದರು. ಹೊಲ ಅಜ್ಜನದು, ಪುಸ್ತಕ ಅವರದು. ಪುಸ್ತಕ ತೆರೆಯುತ್ತಿತ್ತು, ಆದರೆ ಅಜ್ಜನ ಕಡೆಗಲ್ಲ. ಪಿತ್ರಾರ್ಜಿತ ಹುದ್ದೆ ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಪಹಣಿ ಕಂಪ್ಯೂಟರಿಗೆ ಏರಿ ಕಿಯಾಸ್ಕಿನಲ್ಲಿ ದುಡ್ಡು ಕೊಟ್ಟರೆ ಕೈಗೆ ಸಿಗುವಂತಾಗಲು ಭೂಮಿ ಯೋಜನೆ ಬರಬೇಕಾಯಿತು, ಅಂದರೆ ಇನ್ನೂ ನಲವತ್ತು ವರ್ಷ. ಕಾಗದದಲ್ಲಿ ಹಕ್ಕು ಬಂದರೂ ಪುಸ್ತಕ ನಮ್ಮ ಕಡೆ ತಿರುಗೋಕೆ ಅಷ್ಟು ಕಾಲ ಹಿಡಿಯುತ್ತೆ. ಅಜ್ಜನಿಗೂ ಯಾರೋ "ನಿಂಗೆ ಅರ್ಥ ಆಗಲ್ಲ ಬಿಡು" ಅಂದೇ ಇರ್ತಾರೆ.

ಹಾಲಿನ ಪ್ಯಾಕೆಟ್ಟಿನ ನೆರೆಮನೆಯವರು ಕೆಇಬಿಯಲ್ಲಿದ್ದು ರಿಟೈರಾದವರು. ಮರುದಿನ ಬಂದು, "ನಮ್ ಕಾರಲ್ಲಿ ಏರ್‌ಬ್ಯಾಗ್ ದೀಪ ಹತ್ತಿದೆ, ನಿಮ್ ವೈರ್ ಹಾಕಿ ನೋಡ್ರಿ" ಅಂದರು. ಹಾಕಿದೆ. ಏನೂ ಬರಲಿಲ್ಲ. ನಿಯಮ ಇರೋದು ಹೊಗೆಗೆ ಸಂಬಂಧಪಟ್ಟದ್ದಕ್ಕೆ ಮಾತ್ರ. ಏರ್‌ಬ್ಯಾಗ್, ಎಬಿಎಸ್ ಎಲ್ಲ ಆಯಾ ಕಂಪನಿಯ ಸ್ವಂತ ಭಾಷೆ, ನನ್ನ ಅಗ್ಗದ ಕೇಬಲ್ಲಿಗೆ ನಿಲುಕದ್ದು. ಸರ್ವಿಸ್ ಸೆಂಟರಿಗೇ ಹೋಗಿ, ಆದರೆ ಕೋಡ್ ಎಷ್ಟು ಅಂತ ಪ್ರಿಂಟ್ ಕೇಳಿ ಅಂದೆ.

"ಕೊಡ್ತಾರಾ?"

"ಕೊಡದಿದ್ರೆ ಬರವಣಿಗೆಯಲ್ಲಿ ಕೇಳಿ ಸರ್."

ಮೂವತ್ತು ವರ್ಷ ಸರ್ಕಾರಿ ಫೈಲು ನೋಡಿದವರಿಗೆ ಇಷ್ಟು ಹೇಳಿದರೆ ಸಾಕಲ್ವಾ. ಸಂಜೆಗೆ ಅರ್ಜಿ ತಯಾರಾಗಿತ್ತು. ಕೆಳಗೆ 'ಪ್ರತಿ' ಅಂತ ಬರೆದು ಇನ್ನೂ ಮೂರು ವಿಳಾಸ ಹಾಕಿದ್ದಾರೆ.