ಚಿತ್ರವಿದೆ, ಮಾತಿಲ್ಲ: ಅಡಿಕೆ ಮಂಡಿಯ ಕ್ಯಾಮೆರಾಗಳ ಜೊತೆ ಒಂದು ದಿನ

12 ನವೆಂಬರ್ 2025, ಬುಧವಾರ, ಶಿವಮೊಗ್ಗ

ಸಿಸಿಟಿವಿ ಕ್ಯಾಮೆರಾಗಳನ್ನು ಜೋಡಿಸಿ ರಿಪೇರಿ ಮಾಡುವುದು ನನ್ನ ಕಸುಬು. ಬೆಳಿಗ್ಗೆ ಎಂಟೂವರೆಗೆ ಅಡಿಕೆ ಮಂಡಿಯೊಂದರ ಯಜಮಾನರು ಫೋನ್ ಮಾಡಿ, "ರೆಕಾರ್ಡಿಂಗಲ್ಲಿ ಚಿತ್ರ ಚೆನ್ನಾಗಿಯೇ ಬರ್ತಾ ಇದೆ, ಮಾತು ಮಾತ್ರ ಒಂದಕ್ಷರವೂ ಕೇಳಿಸ್ತಿಲ್ಲ, ಇವತ್ತೇ ಬಂದು ನೋಡಿಬಿಡಿ" ಎಂದರು. ಅವರ ದನಿಯಲ್ಲಿದ್ದ ಅವಸರಕ್ಕೆ ಕಾರಣ ಮಂಡಿಗೆ ಹೋದ ಮೇಲೆ ತಿಳಿಯಿತು. ಕಳೆದ ಶನಿವಾರ ಗಲ್ಲಾಪೆಟ್ಟಿಗೆಯ ಬಳಿ ಬೆಳೆಗಾರರೊಬ್ಬರಿಗೂ ಗುಮಾಸ್ತರಿಗೂ ಮುಂಗಡದ ಮಾತಾಗಿದೆ. ಎಪ್ಪತ್ತು ಸಾವಿರ ಕೊಡುತ್ತೇವೆಂದು ಒಪ್ಪಿದ್ದರು ಎಂಬುದು ಬೆಳೆಗಾರರ ವಾದ, ಇಪ್ಪತ್ತು ಸಾವಿರ ಎಂದಷ್ಟೇ ಹೇಳಿದ್ದೆ ಎಂಬುದು ಗುಮಾಸ್ತರ ವಾದ. ಇಬ್ಬರೂ ಕ್ಯಾಮೆರಾ ನೋಡೋಣ ಎಂದಿದ್ದಾರೆ. ಕ್ಯಾಮೆರಾದಲ್ಲಿ ಇಬ್ಬರ ತುಟಿಗಳು ಅಲುಗುವುದು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಕೆಲಸಕ್ಕೆ ಕೈಹಾಕುವ ಮೊದಲೇ ನಾನು ಅವರಿಗೆ ಒಂದು ಮಾತನ್ನು ತಿಳಿಸಬೇಕಾಯಿತು. ದಾಖಲಾದ ಧ್ವನಿ ಸಣ್ಣದಾಗಿದ್ದರೆ ಹಿಗ್ಗಿಸಬಹುದು, ಗದ್ದಲವಿದ್ದರೆ ಒಂದಿಷ್ಟು ಸೋಸಬಹುದು, ಆದರೆ ದಾಖಲಾಗದೇ ಹೋದ ಧ್ವನಿಯನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಾದರೂ ಸರಿಯಾಗಲಿ ಎಂದರು.

ಆ ಮಂಡಿಯಲ್ಲಿ ಹನ್ನೊಂದು ಕ್ಯಾಮೆರಾಗಳಿದ್ದು, ಐದಕ್ಕೆ ಮಾತ್ರ ಮೈಕ್ ಇದೆ: ಗಲ್ಲಾಪೆಟ್ಟಿಗೆ, ತೂಕದ ಜಾಗ, ಕಚೇರಿಯ ಕೋಣೆ, ಮುಂದಿನ ಗೇಟು ಮತ್ತು ಹಮಾಲರು ಮಧ್ಯಾಹ್ನ ವಿಶ್ರಮಿಸುವ ಕೋಣೆ. ಧ್ವನಿಯಿಲ್ಲವೆಂದ ಕೂಡಲೇ ಹೊಸ ಮೈಕ್ ತರಿಸುವುದು ನಮ್ಮ ಕಸುಬಿನ ಹಳೆಯ ಚಾಳಿ. ನಾನೂ ಕೆಲವು ವರ್ಷ ಅದನ್ನೇ ಮಾಡಿದ್ದೇನೆ. ಆದರೆ ಮಾತು ಮೈಕಿನಿಂದ ಹೊರಟು ಕೇಳುವವರ ಕಿವಿ ತಲುಪುವಷ್ಟರಲ್ಲಿ ಕ್ಯಾಮೆರಾ, ಕೇಬಲ್, ಕೇಬಲ್ಲುಗಳೆಲ್ಲ ಕೂಡುವ ನೆಟ್‌ವರ್ಕ್ ಸ್ವಿಚ್, ದಾಖಲಿಸುವ ಯಂತ್ರವಾದ ಎನ್‌ವಿಆರ್, ನೋಡುವ ಆ್ಯಪ್ ಎಲ್ಲವನ್ನೂ ದಾಟಬೇಕು, ಮತ್ತು ಈ ದಾರಿಯ ಯಾವ ಹಂತದಲ್ಲಿ ಅದು ಕಳೆದುಹೋದರೂ ಹೊರಗಿನಿಂದ ನೋಡುವವರಿಗೆ ತೊಂದರೆ ಒಂದೇ ತೆರನಾಗಿ ಕಾಣುತ್ತದೆ. ಆದ್ದರಿಂದ ನಾನು ಈಗ ಮೊದಲು ಮಾಡುವ ಕೆಲಸ, ಲ್ಯಾಪ್‌ಟಾಪನ್ನು ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕಳುಹಿಸುವ) ಸ್ವಿಚ್ಚಿಗೆ ಸಿಕ್ಕಿಸಿ, ನಡುವಿನ ಎನ್‌ವಿಆರ್ ಅನ್ನು ಬದಿಗಿಟ್ಟು, ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಕ್ಯಾಮೆರಾದ ಆರ್‌ಟಿಎಸ್‌ಪಿ (ನೇರ ಪ್ರಸಾರದ) ವಿಳಾಸವನ್ನು ನೇರವಾಗಿ ತೆರೆಯುವುದು. ಸಾಮಾನ್ಯವಾಗಿ ಅದು 554ನೆಯ ಪೋರ್ಟಿನಲ್ಲಿ ಸಿಗುತ್ತದೆ. ವಿಎಲ್‌ಸಿಯ ಕೋಡೆಕ್ ಮಾಹಿತಿಯಲ್ಲಿ ಚಿತ್ರಕ್ಕೊಂದು ಸಾಲು, ಧ್ವನಿಗೊಂದು ಸಾಲು ಇರಬೇಕು. ಧ್ವನಿಯ ಸಾಲೇ ಇಲ್ಲದಿದ್ದರೆ ಕ್ಯಾಮೆರಾ ಅದನ್ನು ಕಳುಹಿಸುತ್ತಲೇ ಇಲ್ಲವೆಂದು ಅರ್ಥ.

ಗಲ್ಲಾಪೆಟ್ಟಿಗೆಯ ಕ್ಯಾಮೆರಾದಲ್ಲಿ ಎರಡು ಸಾಲುಗಳೂ ಇದ್ದವು, ಗುಮಾಸ್ತರು ಕೆಮ್ಮಿದ್ದು ಕೂಡ ಕೇಳಿಸಿತು. ಹಾಗಾದರೆ ಮೈಕ್ ಸರಿಯಿದೆ, ಕ್ಯಾಮೆರಾ ಸರಿಯಿದೆ. ಎನ್‌ವಿಆರ್‌ನ ರೆಕಾರ್ಡಿಂಗ್ ಪುಟವನ್ನು ತೆರೆದು ನೋಡಿದೆ. ಆ ಚಾನೆಲ್ಲಿನ ಧ್ವನಿ ದಾಖಲಿಸುವ ಆಯ್ಕೆಗೆ ಟಿಕ್ ಇರಲಿಲ್ಲ. ಉಳಿದ ಚಾನೆಲ್ಲುಗಳದೂ ಅದೇ ಕಥೆ.

ಇಲ್ಲಿ ನನ್ನ ತಪ್ಪನ್ನು ಬರೆದಿಡಬೇಕು. ಸೆಪ್ಟೆಂಬರಿನಲ್ಲಿ ಈ ಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟಾಗ ಹೊಸದನ್ನು ಹಾಕಿ, ಸೆಟ್ಟಿಂಗುಗಳನ್ನೆಲ್ಲ ಅಳಿಸಿ ಮೊದಲಿನಿಂದ ಹೊಂದಿಸಿದವನು ನಾನೇ. ಅಂದು ಹನ್ನೊಂದೂ ಚಿತ್ರಗಳು ಗೋಡೆಯ ಟಿವಿಯಲ್ಲಿ ಮೂಡಿದ್ದನ್ನು ನೋಡಿ ಚಹಾ ಕುಡಿದು ಬಂದಿದ್ದೆ. ಈ ಯಂತ್ರದಲ್ಲಿ ಧ್ವನಿ ದಾಖಲಿಸುವ ಆಯ್ಕೆ ತಾನಾಗಿ ಚಾಲನೆಗೆ ಬರುವುದಿಲ್ಲ, ಅದನ್ನು ಚಾನೆಲ್ ಚಾನೆಲ್ಲಿಗೂ ಹೋಗಿ ಕೊಡಬೇಕು. ಎರಡು ತಿಂಗಳ ಕಾಲ ಯಾರಿಗೂ ಇದು ತಿಳಿಯಲಿಲ್ಲ. ಕ್ಯಾಮೆರಾವೊಂದು ಕೆಟ್ಟರೆ ಟಿವಿಯಲ್ಲಿ ಕಪ್ಪು ಚೌಕ ಕಾಣುತ್ತದೆ, ಮಂಡಿಗೆ ಬಂದವರೂ ಬೆರಳು ತೋರಿಸಿ ಹೇಳುತ್ತಾರೆ. ಧ್ವನಿ ನಿಂತರೆ ಕಾಣುವುದು ಏನೂ ಇಲ್ಲ. ಸಾಲದ್ದಕ್ಕೆ ಕಚೇರಿಯ ಕಂಪ್ಯೂಟರಿನಲ್ಲಿ ನೇರ ಪ್ರಸಾರದ ಧ್ವನಿ ಕೇಳುತ್ತಿದ್ದುದರಿಂದ, ಅದು ದಾಖಲಾಗುತ್ತಲೂ ಇದೆಯೆಂದು ಎಲ್ಲರೂ ನಂಬಿದ್ದರು. ಯಜಮಾನರಿಗೆ ವಿಷಯವನ್ನು ಇದ್ದ ಹಾಗೆಯೇ ಹೇಳಿದೆ, ಇವತ್ತಿನ ಕೂಲಿ ಬೇಡವೆಂದೂ ಹೇಳಿದೆ. "ಕೂಲಿಯ ಮಾತು ಆಮೇಲೆ, ಮೊದಲು ಕೆಲಸ ಮುಗಿಸಿ" ಎಂದರು.

ಟಿಕ್ ಕೊಟ್ಟ ಮೇಲೂ ತೂಕದ ಜಾಗದ ಕ್ಯಾಮೆರಾ ಮೂಕವಾಗಿಯೇ ಉಳಿಯಿತು. ಅದು ಬೇರೆ ತಯಾರಕರದು, ಬೇರೆ ಬೇರೆ ತಯಾರಕರ ಸಾಧನಗಳನ್ನು ಹೊಂದಿಸಲೆಂದಿರುವ ಓಎನ್‌ವಿಐಎಫ್ ಎಂಬ ಸಾಮಾನ್ಯ ಕ್ರಮದ ಮೂಲಕ ಎನ್‌ವಿಆರ್‌ಗೆ ಸೇರಿಸಿದ್ದು. ಅದರ ಧ್ವನಿ ಎಎಸಿ ಎಂಬ ಸಂಕೇತ ಕ್ರಮದಲ್ಲಿ ಬರುತ್ತಿತ್ತು, ಈ ಎನ್‌ವಿಆರ್ ಹೊರಗಿನ ಕ್ಯಾಮೆರಾದಿಂದ ಜಿ.711 ಎಂಬ ಇನ್ನೊಂದು ಕ್ರಮವನ್ನು ಮಾತ್ರ ಸ್ವೀಕರಿಸುತ್ತದೆ. ಓಎನ್‌ವಿಐಎಫ್ ಎಂಬ ಹೆಸರಿದ್ದ ಮಾತ್ರಕ್ಕೆ ಧ್ವನಿಯೂ ಹೊಂದಿಕೊಳ್ಳುತ್ತದೆ ಎನ್ನುವಂತಿಲ್ಲ. ಕ್ಯಾಮೆರಾದ ಪುಟಕ್ಕೆ ಹೋಗಿ ಜಿ.711 ಎ-ಲಾ (ಅದರದೇ ಒಂದು ಬಗೆ), 8 ಕಿಲೋಹರ್ಟ್ಸ್ ಎಂದು ಬದಲಿಸಿದ ಕೂಡಲೇ ಮಾತು ಬಂತು, ಅದರ ಹಿಂದೆಯೇ ದೊಡ್ಡದೊಂದು ಗುಂಯ್‌ಗುಡುವಿಕೆಯೂ ಬಂತು.

ದಿನದ ಹೆಚ್ಚಿನ ಸಮಯವನ್ನು ತಿಂದದ್ದು ಈ ಗುಂಯ್‌ಗುಡುವಿಕೆಯೇ. ಅಲ್ಲಿರುವುದು ಹೊರಗಿನಿಂದ ಜೋಡಿಸಿದ ಮೈಕ್, ಅದಕ್ಕೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಬೇಕು. ಅಡಾಪ್ಟರನ್ನು ತೂಕದ ಯಂತ್ರದ ಬೋರ್ಡಿಗೇ ಸಿಕ್ಕಿಸಿದ್ದರು. ಕ್ಯಾಮೆರಾಕ್ಕೆ ವಿದ್ಯುತ್ತು ಬರುವುದು ಪಿಒಇ ಕೇಬಲ್ಲಿನಲ್ಲಿ, ಆದರೆ ಅದರ ಲೋಹದ ಮೈಯನ್ನು ಚಾವಣಿಯ ಕಬ್ಬಿಣದ ತೊಲೆಗೆ ತಿರುಪಿನಿಂದ ಬಿಗಿಯಲಾಗಿದೆ. ಹೀಗೆ ಮೈಕಿನ ತಂತಿಗೆ ಅಡಾಪ್ಟರಿನ ಕಡೆಯಿಂದ ಒಂದು, ತೊಲೆಯ ಕಡೆಯಿಂದ ಇನ್ನೊಂದು ಎಂದು ಭೂಮಿಗೆ ಎರಡು ದಾರಿಗಳಾಗಿ, ಆ ಸುತ್ತಿನಲ್ಲಿ ನಮ್ಮ ಮನೆ ವಿದ್ಯುತ್ತಿನ 50 ಹರ್ಟ್ಸ್ ಹರಿದು ಧ್ವನಿಯ ಮೇಲೆ ಕುಳಿತಿರಬೇಕೆಂದು ಊಹಿಸಿದೆ. ಊಹೆಯನ್ನು ಪರೀಕ್ಷಿಸಲು ಅಡಾಪ್ಟರನ್ನು ಕಿತ್ತು, ನನ್ನ ಚೀಲದಲ್ಲಿ ಸದಾ ಇರುವ 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ ಮೈಕಿಗೆ ವಿದ್ಯುತ್ತು ಕೊಟ್ಟೆ. ಗುಂಯ್‌ಗುಡುವಿಕೆ ಒಮ್ಮೆಲೇ ನಿಂತಿತು. ಈ ಬ್ಯಾಟರಿ ನನಗೆ ಉಳಿಸಿಕೊಟ್ಟಿರುವ ಸಮಯವನ್ನು ಯಾವ ದುಬಾರಿ ಮೀಟರೂ ಉಳಿಸಿಲ್ಲ.

ಮೈಕಿನ ತಂತಿ ಟ್ಯೂಬ್‌ಲೈಟಿನ ವೈರುಗಳ ಜೊತೆ ಒಂದೇ ಪೈಪಿನಲ್ಲಿ ಇಪ್ಪತ್ತು ಮೀಟರ್ ದೂರ ಓಡಿತ್ತು. ಅದನ್ನು ಹೊರತೆಗೆದು ಹೆಣಿಗೆಯ ಕವಚವಿರುವ ತಂತಿಯನ್ನು ಬೇರೆ ಪೈಪಿನಲ್ಲಿ ಎಳೆದೆ, ಕವಚವನ್ನು ಕ್ಯಾಮೆರಾದ ತುದಿಯಲ್ಲಿ ಮಾತ್ರ ಜೋಡಿಸಿದೆ, ನಡುವೆ ಆ ಸುತ್ತನ್ನು ಕಡಿಯುವ ಒಂದು ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದೆ. ಗುಂಯ್‌ಗುಡುವಿಕೆ ಹೋದರೂ ಮಾತು ಒಡೆದ ತಮಟೆಯಂತೆ ಕೇಳುತ್ತಿತ್ತು. ವಿದ್ಯುತ್ತು ಪಡೆದು ತಾನೇ ಧ್ವನಿಯನ್ನು ಹಿಗ್ಗಿಸುವ ಮೈಕಿಗೆ ಕ್ಯಾಮೆರಾದಲ್ಲಿ 'ಲೈನ್ ಇನ್' ಎಂದಿರಬೇಕು. ಇಲ್ಲಿ 'ಮೈಕ್ ಇನ್' ಎಂದಿತ್ತು. ಮೈಕ್ ಇನ್ ಕೆಲವೇ ಮಿಲಿವೋಲ್ಟುಗಳ ಸಂಕೇತವನ್ನು ನಿರೀಕ್ಷಿಸಿ ಮತ್ತೆ ಹಿಗ್ಗಿಸುವುದರಿಂದ, ಮೊದಲೇ ದೊಡ್ಡದಾಗಿ ಬಂದ ಮಾತು ಚಿಂದಿಯಾಗುತ್ತದೆ. ಆಯ್ಕೆಯನ್ನು ಬದಲಿಸಿ ಮಟ್ಟವನ್ನು ಇಳಿಸಿದ ಮೇಲೆ ಹಮಾಲರ ಎಣಿಕೆ ಒಂದೊಂದೂ ಬಿಡಿಬಿಡಿಯಾಗಿ ಕೇಳಿತು.

ಕಚೇರಿ ಕೋಣೆಯ ಮೈಕಿನಲ್ಲಿ ಬರುತ್ತಿದ್ದ ಕೀರಲು ಕೂಗಿಗೆ ಐದು ನಿಮಿಷವೂ ಬೇಕಾಗಲಿಲ್ಲ: ಕಂಪ್ಯೂಟರಿನ ಸ್ಪೀಕರಿನಲ್ಲಿ ಅದೇ ಕೋಣೆಯ ಧ್ವನಿಯನ್ನು ಹಚ್ಚಿಟ್ಟಿದ್ದರು, ಅದು ಮತ್ತೆ ಮೈಕಿಗೇ ಸೇರುತ್ತಿತ್ತು. ಗೇಟಿನ ಕ್ಯಾಮೆರಾದಲ್ಲಿ ಮಾತು ತುಂಡುತುಂಡಾಗಿ ಬರುತ್ತಿತ್ತು. ಕೇಬಲ್ಲಿನ ಮೈಮೇಲೆ ಅಚ್ಚಾಗಿರುವ ಮೀಟರ್ ಗುರುತುಗಳನ್ನು ಎರಡೂ ತುದಿಗಳಲ್ಲಿ ಓದಿ ಕಳೆದರೆ 118 ಬಂತು. ಈಥರ್ನೆಟ್‌ನ ತಾಮ್ರದ ಕೇಬಲ್ಲಿಗೆ ಮಿತಿ 100 ಮೀಟರ್. ಚಿತ್ರದಲ್ಲಿ ಒಂದು ಚೂರು ತಪ್ಪಿದರೆ ಕಣ್ಣು ಮನ್ನಿಸಿಬಿಡುತ್ತದೆ, ಮಾತಿನಲ್ಲಿ ಒಂದು ಅಕ್ಷರ ತಪ್ಪಿದರೆ ಕಿವಿ ಮನ್ನಿಸುವುದಿಲ್ಲ. ಪ್ರಸಾರವನ್ನು ತಪ್ಪಿದ ಚೂರನ್ನು ಬಿಟ್ಟುಬಿಡುವ ಯುಡಿಪಿ ಕ್ರಮದಿಂದ, ಅದನ್ನು ಮತ್ತೆ ಕಳುಹಿಸುವ ಟಿಸಿಪಿ ಕ್ರಮಕ್ಕೆ ಬದಲಿಸಿದ್ದರಿಂದ ಸದ್ಯಕ್ಕೆ ಸುಧಾರಿಸಿತು. ನಡುವೆ ಸಂಕೇತವನ್ನು ಮುಂದಕ್ಕೆ ದಾಟಿಸುವ ಪಿಒಇ ಎಕ್ಸ್‌ಟೆಂಡರ್ ಹಾಕುವವರೆಗೆ ಅದನ್ನು ನೆಚ್ಚುವಂತಿಲ್ಲ.

ಊಟದ ನಂತರ ಗಲ್ಲಾಪೆಟ್ಟಿಗೆಯ ಬಳಿ ಒಂದು ಪರೀಕ್ಷೆ ನಡೆಸಿದೆ. ಗುಮಾಸ್ತರು ತಮಗಿಷ್ಟ ಬಂದ ಸಂಖ್ಯೆಗಳನ್ನು ಎಂದಿನ ದನಿಯಲ್ಲಿ ಹೇಳುವುದು, ಒಳಗೆ ಕುಳಿತ ನಾನು ಅವನ್ನು ರೆಕಾರ್ಡಿಂಗಿನಿಂದ ಕೇಳಿ ಬರೆದುಕೊಳ್ಳುವುದು. ಕ್ಯಾಮೆರಾ ಹನ್ನೆರಡು ಅಡಿ ಎತ್ತರದಲ್ಲಿದೆ, ಮೈಕ್ ಅದರ ಒಳಗೇ ಇದೆ, ಮೂರು ಅಡಿ ದೂರದಲ್ಲಿ ಫ್ಯಾನು ತಿರುಗುತ್ತಿದೆ. ಹತ್ತು ಸಂಖ್ಯೆಗಳಲ್ಲಿ ನಾನು ನಾಲ್ಕನ್ನು ತಪ್ಪು ಬರೆದಿದ್ದೆ, ಅವುಗಳಲ್ಲಿ ಎರಡು 'ಇಪ್ಪತ್ತು' ಇರುವಲ್ಲಿ ನಾನು ಬರೆದ 'ಎಪ್ಪತ್ತು'. ನಾನು ಆ ಹಾಳೆಯನ್ನು ತೋರಿಸಿದಾಗ ಯಜಮಾನರೂ ಗುಮಾಸ್ತರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಶನಿವಾರದ ಮಾತು ದಾಖಲಾಗಿದ್ದರೂ ಜಗಳ ಬಗೆಹರಿಯುತ್ತಿತ್ತೇ ಎಂಬುದು ಅನುಮಾನ.

ಇದಕ್ಕೆ ಜಿ.711 ಅನ್ನು ದೂರುವುದು ಸರಿಯಲ್ಲ. ದೂರವಾಣಿ ಮಾತಿಗಾಗಿ 1972ರಲ್ಲಿ ರೂಪುಗೊಂಡ ಈ ಕ್ರಮ ಸೆಕೆಂಡಿಗೆ ಧ್ವನಿಯ 8000 ಮಾದರಿಗಳನ್ನು ತೆಗೆದುಕೊಳ್ಳುತ್ತದೆ, ಆದ್ದರಿಂದ ಅದರ ಅರ್ಧವಾದ 4000 ಹರ್ಟ್ಸ್‌ಗಿಂತ ಮೇಲಿನದು ಅದರಲ್ಲಿ ಉಳಿಯದು, ಆದರೆ ಮಾತು ಅರ್ಥವಾಗಲು ಅಷ್ಟು ಸಾಕು. ಜಾಗದ ಖರ್ಚೂ ಕಡಿಮೆ: 64 ಕಿಲೋಬಿಟ್ ವೇಗದಲ್ಲಿ ಒಂದು ಕ್ಯಾಮೆರಾದ ದಿನವಿಡೀ ಧ್ವನಿಗೆ ಸುಮಾರು 690 ಎಂಬಿ ಬೇಕು, 4 ಮೆಗಾಬಿಟ್ ಚಿತ್ರಕ್ಕಾದರೆ 43 ಜಿಬಿ. ದೋಷವಿದ್ದದ್ದು ಮೈಕ್ ಇರುವ ಸ್ಥಳದಲ್ಲಿ. ಬಾಯಿಯಿಂದ ಮೈಕಿನ ದೂರ ಎರಡರಷ್ಟಾದರೆ ಮಾತು ಸುಮಾರು 6 ಡೆಸಿಬಲ್ ಕುಸಿಯುತ್ತದೆ, ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಕ್ಯಾಮೆರಾದ ಆಡಿಯೊ ಒಳದಾರಿಗೆ ಹೊರಗಿನ ಮೈಕ್ ಜೋಡಿಸಿ, ಅದನ್ನು ಗಲ್ಲಾಪೆಟ್ಟಿಗೆಯ ಅಂಚಿನ ಕೆಳಗೆ, ಇಬ್ಬರಿಂದಲೂ ಎರಡೂವರೆ ಅಡಿಯೊಳಗೆ ಕೂರಿಸಿ ಮತ್ತೆ ಪರೀಕ್ಷಿಸಿದೆ. ಹತ್ತಕ್ಕೆ ಹತ್ತೂ ಸರಿಯಾದವು.

ಹೊರಡುವ ಮುನ್ನ ಒಂದು ತುಣುಕನ್ನು ಯಜಮಾನರ ವಾಟ್ಸಾಪ್‌ಗೆ ಕಳುಹಿಸಿದೆ, ಅದು ಅವರ ಫೋನಿನಲ್ಲಿ ಮತ್ತೆ ಮೂಕವಾಯಿತು. ಅವರು ಗಾಬರಿಯಾದರು, ನಾನು ಆಗಲಿಲ್ಲ. ಎಂಪಿ4 ಕಡತದೊಳಗಿನ ಜಿ.711 ಅನ್ನು ಅನೇಕ ಫೋನುಗಳು ನುಡಿಸುವುದಿಲ್ಲ. ಎಎಸಿಗೆ ಪರಿವರ್ತಿಸಿ ಕಳುಹಿಸಿದ ಮೇಲೆ ಕೇಳಿತು. ಮೂಲ ಕಡತವನ್ನು ಅಳಿಸದೆ ಹಾಗೆಯೇ ಇಟ್ಟುಕೊಳ್ಳಬೇಕೆಂದು ಗುಮಾಸ್ತರ ಪುಸ್ತಕದಲ್ಲಿ ಬರೆಸಿದೆ.

ಉಳಿದದ್ದು ಹಮಾಲರ ಕೋಣೆ. ಅಲ್ಲಿನ ಮೈಕನ್ನು ಮುಚ್ಚಿಬಿಡೋಣ ಎಂದಾಗ ಯಜಮಾನರು, "ಪೊಲೀಸ್ ಠಾಣೆಯಲ್ಲೇ ಧ್ವನಿ ಇರಲೇಬೇಕು ಅಂತ ಕೋರ್ಟ್ ಹೇಳಿದೆಯಂತಲ್ಲ" ಎಂದರು. ನಿಜ, 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಠಾಣೆಗಳ ಕ್ಯಾಮೆರಾಗಳಲ್ಲಿ ಚಿತ್ರದ ಜೊತೆ ಧ್ವನಿಯೂ ಇರಲೇಬೇಕೆಂದು ಆದೇಶಿಸಿದೆ. ಅದು ಬಂಧನದಲ್ಲಿರುವವರ ರಕ್ಷಣೆಗಾಗಿ. ಬುತ್ತಿ ಬಿಚ್ಚಿ ಕುಳಿತವರ ಮನೆಮಾತನ್ನು ಕದ್ದು ಕೇಳಲು ಆ ಆದೇಶವನ್ನು ನೆಪ ಮಾಡಿಕೊಳ್ಳುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಸ್ವಲ್ಪ ಚರ್ಚೆಯಾಗಿ, ಕೊನೆಗೆ ಆ ಚಾನೆಲ್ಲಿನ ಧ್ವನಿಯನ್ನು ಕ್ಯಾಮೆರಾದಲ್ಲಿಯೇ ನಿಲ್ಲಿಸಲು ಅವರು ಒಪ್ಪಿದರು. ಗಲ್ಲಾಪೆಟ್ಟಿಗೆಯ ಎದುರು "ಇಲ್ಲಿ ಚಿತ್ರ ಮತ್ತು ಧ್ವನಿ ದಾಖಲಾಗುತ್ತದೆ" ಎಂಬ ಕನ್ನಡದ ಫಲಕ ನಾಳೆ ಬರಲಿದೆ.

ಇನ್ನು ಮುಂದೆ ಪ್ರತಿ ಸೋಮವಾರ ಬಾಗಿಲು ತೆರೆದ ಮೇಲೆ ಗುಮಾಸ್ತರು ಧ್ವನಿಯಿರುವ ನಾಲ್ಕೂ ಜಾಗಗಳಲ್ಲಿ ನಿಂತು ಅಂದಿನ ದಿನಾಂಕವನ್ನು ಹೇಳಿ ಒಂದು ಚಪ್ಪಾಳೆ ತಟ್ಟಬೇಕು. ಹತ್ತು ನಿಮಿಷ ಬಿಟ್ಟು ಅದನ್ನು ನೇರ ಪ್ರಸಾರದಲ್ಲಲ್ಲ, ರೆಕಾರ್ಡಿಂಗಿನಲ್ಲಿಯೇ ಕೇಳಬೇಕು. ಚಪ್ಪಾಳೆಯ ಸದ್ದು ಕೈಗಳು ಕೂಡುವ ಕ್ಷಣಕ್ಕೇ ಬಂದರೆ ಚಿತ್ರಕ್ಕೂ ಧ್ವನಿಗೂ ಹೊಂದಾಣಿಕೆ ಇದೆಯೆಂದೂ ತಿಳಿಯುತ್ತದೆ. "ಜನ ನನ್ನನ್ನ ಹುಚ್ಚ ಅಂದ್ಕೊಳ್ತಾರೆ ಸಾರ್" ಎಂದು ಅವರು ನಕ್ಕರು, ಆದರೂ ಒಪ್ಪಿಕೊಂಡರು.

17 ನವೆಂಬರ್, ಸೋಮವಾರ, ಸೇರಿಸಿದ್ದು

ಒಂಬತ್ತೂಕಾಲಿಗೆ ಗುಮಾಸ್ತರು ನಾಲ್ಕು ತುಣುಕುಗಳನ್ನು ಕಳುಹಿಸಿದರು. ಗಲ್ಲಾಪೆಟ್ಟಿಗೆ, ತೂಕದ ಜಾಗ ಮತ್ತು ಕಚೇರಿಯದರಲ್ಲಿ "ನವೆಂಬರ್ ಹದಿನೇಳು" ಎಂಬುದೂ ಚಪ್ಪಾಳೆಯೂ ಸ್ಪಷ್ಟವಾಗಿವೆ. ಗೇಟಿನದರಲ್ಲಿ "ನವೆಂಬರ್ ಹದಿ" ಎಂಬಲ್ಲಿಗೆ ಮಾತು ಕಡಿದು, ಚಪ್ಪಾಳೆ ಮಾತ್ರ ಉಳಿದಿದೆ. ಎಕ್ಸ್‌ಟೆಂಡರ್ ಇವತ್ತು ಸಂಜೆ ಕೈಸೇರುತ್ತದೆ. ನಾಳೆ ಏಣಿ ಕಟ್ಟಿಕೊಂಡು ಹೋಗಬೇಕು.