ಗೈಡ್ ಚೆನ್ನಾಗೇ ತುಂಬಿತ್ತು, ರೆಕಾರ್ಡ್ ಆಗಿದ್ದು ಮಾತ್ರ ಬೇರೆ

ನನ್ನ ಕೆಲಸ ಟಿವಿ ರೆಕಾರ್ಡ್ ಮಾಡೋದು. ಇದೂ ಒಂದು ಕೆಲಸವಾ ಅಂತ ಕೇಳಿದವರು ನಗುತ್ತಾರೆ. ಹೌದು, ಕೆಲಸವೇ. 3 ಕಂಪ್ಯೂಟರ್, ಅವುಗಳಲ್ಲಿ ಪ್ರಸಾರ ಹಿಡಿಯುವ 8 ಟ್ಯೂನರ್, 40ರ ಹತ್ತಿರ ಚಾನೆಲ್. ಸುದ್ದಿ, ಚರ್ಚೆ, ಸಾಕ್ಷ್ಯಚಿತ್ರ ಇಂಥವನ್ನೆಲ್ಲ ಹಿಡಿದಿಟ್ಟು ಎಡಿಟರ್‌ಗಳ ಕೈಗೆ ಕೊಡಬೇಕು. ಅವರು ಬೇಕಾದ ತುಣುಕು ಕತ್ತರಿಸಿ, ವರದಿ ಬರೆದು ಮುಂದಕ್ಕೆ ಕಳಿಸುತ್ತಾರೆ. ನಾನು ಸರಿಯಾಗಿ ಕೆಲಸ ಮಾಡಿದರೆ ಇಂಥವನೊಬ್ಬ ಇದ್ದಾನೆ ಅಂತಲೇ ಯಾರಿಗೂ ನೆನಪಿರುವುದಿಲ್ಲ. ಆ ವಾರ ಎಲ್ಲರಿಗೂ ನೆನಪಾದೆ.

ನೋಡುವವರಿಗೆ ಗೈಡ್ ಅಂದ್ರೆ ಯಾವ ಚಾನೆಲ್‌ನಲ್ಲಿ ಯಾವಾಗ ಏನು ಬರುತ್ತೆ ಅನ್ನೋ ಸುಮ್ನೆ ಒಂದು ಪಟ್ಟಿ. ತಪ್ಪಿದ್ದರೆ ಬೈದುಕೊಂಡು ಚಾನೆಲ್ ಬದಲಿಸುತ್ತಾರೆ, ಅಷ್ಟೇ. ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಗಲ್ಲ, ಅದು ಗೈಡನ್ನು ಕಣ್ಣುಮುಚ್ಚಿ ನಂಬುತ್ತದೆ. 8 ಗಂಟೆಗೆ ಈ ಚಾನೆಲ್‌ನಲ್ಲಿ ಚರ್ಚೆ ಇದೆ ಅಂತ ಗೈಡ್ ಹೇಳಿದರೆ, 8 ಗಂಟೆಗೆ ಟ್ಯೂನರ್ ತಿರುಗಿಸಿ ಹಿಡಿಯುತ್ತದೆ, ಫೈಲ್‌ಗೆ ಚರ್ಚೆ ಅಂತ ಹೆಸರಿಡುತ್ತದೆ. ಅಲ್ಲಿ ಬರುತ್ತಿರುವುದು ಚರ್ಚೆಯೇನಾ ಅಂತ ನೋಡಲು ಅದಕ್ಕೆ ಕಣ್ಣಿಲ್ಲ.

ನಮಗೆ ಗೈಡ್ ಕೊಡುತ್ತಿದ್ದವರು ಒಂದು ದಿನ, ಮುಂದಿನ ತಿಂಗಳಿಂದ ಸೇವೆ ಇಲ್ಲ ಅಂತ ಎರಡು ಸಾಲಿನ ಮೇಲ್ ಹಾಕಿದರು. ಈ ಲೋಕದಲ್ಲಿ ಇದೇನು ಹೊಸದಲ್ಲ. ಅಮೆರಿಕ, ಕೆನಡಾದಲ್ಲಿ ಮಿಥ್‌ಟಿವಿ ಥರದ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಉಚಿತವಾಗಿ ಸಿಗುತ್ತಿದ್ದ ಜ್ಯಾಪ್‌ಟುಇಟ್ ಲ್ಯಾಬ್ಸ್ ಗೈಡ್ 2007ರ ಸೆಪ್ಟೆಂಬರ್ 1ಕ್ಕೆ ನಿಂತಿತು. ಆಗ ಆ ಸಾಫ್ಟ್‌ವೇರ್ ಬರೆಯುತ್ತಿದ್ದವರೇ ಕೆಲವರು ಸೇರಿ ಷೆಡ್ಯೂಲ್ಸ್ ಡೈರೆಕ್ಟ್ ಅಂತ ಲಾಭ ನೋಡದ ಸಂಸ್ಥೆ ಕಟ್ಟಿದರು, ಚಂದಾ ಕಟ್ಟಿದವರಿಗೆ ಗೈಡ್ ಕೊಡಲು. 2020ರ ಜನವರಿಯಲ್ಲಿ ವಿಂಡೋಸ್ ಮೀಡಿಯಾ ಸೆಂಟರ್‌ನ ಗೈಡೂ ಹೋಯಿತು. ಅಂದ್ರೆ ಗೈಡ್ ಯಾವತ್ತೋ ಒಂದು ದಿನ ನಿಲ್ಲುತ್ತದೆ ಅಂತ ನನಗೆ ಮೊದಲೇ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ತಯಾರಿ ಮಾತ್ರ ಸೊನ್ನೆ.

ಪ್ರಸಾರದ ಜೊತೆಗೇ ಗೈಡ್ ಬರುತ್ತಲ್ಲ, ಅದನ್ನೇ ಬಳಸಬಹುದಲ್ವಾ ಅಂತ ಮ್ಯಾನೇಜರ್ ಕೇಳಿದರು. ಒಳ್ಳೇ ಪ್ರಶ್ನೆ. ಡಿವಿಬಿ ಅನ್ನೋ ಡಿಜಿಟಲ್ ಟಿವಿ ಪದ್ಧತಿಯ ಪ್ರಸಾರದಲ್ಲಿ ಚಿತ್ರ, ಧ್ವನಿಯ ಜೊತೆ ಇಐಟಿ ಅನ್ನೋ ಕೋಷ್ಟಕ ಬರುತ್ತದೆ. ಈಗ ಏನು, ಮುಂದೆ ಏನು ಅನ್ನೋದು ಅದರಲ್ಲಿರುತ್ತದೆ. ಕೆಲವು ಚಾನೆಲ್ ಒಂದು ವಾರದ್ದನ್ನೂ ಕೊಡುತ್ತವೆ, ಕೆಲವು ಈಗ-ಮುಂದೆ ಬಿಟ್ಟು ಬೇರೇನೂ ಕೊಡುವುದಿಲ್ಲ. ಅಮೆರಿಕದ ಎಟಿಎಸ್‌ಸಿ ಪದ್ಧತಿಯಲ್ಲಂತೂ 3 ಗಂಟೆಯ 4 ಕೋಷ್ಟಕ, ಅಂದ್ರೆ 12 ಗಂಟೆಯ ಗೈಡ್ ಕೊಟ್ಟರೆ ಸಾಕು. ನಾಡಿದ್ದಿನ ಕೆಲಸವನ್ನು ಇವತ್ತೇ ಹಂಚುವ ನಮಗೆ ಇದು ಸಾಲದು. ಆದರೆ ಈ ಇಐಟಿಯೇ ಕೊನೆಗೆ ನನ್ನ ಕೈ ಹಿಡಿಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಕೊನೆಗೆ ಎಕ್ಸ್‌ಎಂಎಲ್‌ಟಿವಿ ಅನ್ನೋ ಫೈಲ್ ರೂಪದಲ್ಲಿ ಗೈಡ್ ಕೊಡುವ ಬೇರೊಂದು ಕಡೆಯಿಂದ ತೆಗೆದುಕೊಳ್ಳೋದು ಅಂತಾಯಿತು. ಇಲ್ಲೊಂದು ಮಾತು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಗೈಡ್‌ಗಳಲ್ಲಿ ಎಷ್ಟೋ ಮನೆ ಬಳಕೆಗೆ ಮಾತ್ರ, ಕಚೇರಿಗೆ ಬಳಸುವಂತಿಲ್ಲ. ಷರತ್ತು ಓದಿ. ನಾವು ದುಡ್ಡು ಕೊಟ್ಟೇ ತಗೊಂಡೆವು. ಟಿವಿ ವೆಬ್‌ಸೈಟ್‌ಗಳಿಂದ ಕೆರೆದು ತೆಗೆಯುವ ಗ್ರ್ಯಾಬರ್‌ಗಳೂ ಇವೆ, ಆ ಸೈಟಿನವರು ಪುಟದ ವಿನ್ಯಾಸ ಬದಲಿಸಿದ ದಿನವೇ ಅವು ಮಲಗುತ್ತವೆ.

ಎಕ್ಸ್‌ಎಂಎಲ್‌ಟಿವಿ ಫೈಲ್ ತೆರೆದು ನೋಡಿದರೆ ಹೆದರುವಂಥದ್ದೇನಿಲ್ಲ. ಮೇಲೆ ಚಾನೆಲ್‌ಗಳು, ಒಂದೊಂದಕ್ಕೂ ಒಂದು ಐಡಿ. ಕೆಳಗೆ ಕಾರ್ಯಕ್ರಮಗಳು, ಒಂದೊಂದಕ್ಕೂ ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಚಾನೆಲ್ ಐಡಿ, ಹೆಸರು, ವಿವರ. ಹೊತ್ತನ್ನು 20240310200000 +0100 ಅಂತ ಒಂದೇ ಉದ್ದಕ್ಕೆ ಬರೆದಿರುತ್ತಾರೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಜಾಗತಿಕ ಸಮಯಕ್ಕಿಂತ ಎಷ್ಟು ಮುಂದೆ ಅನ್ನೋದು. ಆ ಕೊನೆಯ ತುಂಡು ಇಲ್ಲದಿದ್ದರೆ ಅದನ್ನು ಜಾಗತಿಕ ಸಮಯ ಅಂತಲೇ ಓದಬೇಕು ಅನ್ನೋದು ನಿಯಮ. ಮುಗಿಯುವ ಹೊತ್ತು ಇರಲೇಬೇಕು ಅಂತೇನಿಲ್ಲ. ಇಲ್ಲದಿದ್ದರೆ ಟಿವಿ-ಸಾರ್ಟ್ ಅನ್ನೋ ಸಲಕರಣೆ, ಮುಂದಿನ ಕಾರ್ಯಕ್ರಮದ ಶುರು ನೋಡಿ ತುಂಬಿಸಿಕೊಡುತ್ತದೆ. ಕಂತಿನ ಲೆಕ್ಕ ಸೊನ್ನೆಯಿಂದ ಶುರು, 0.4 ಅಂದ್ರೆ ಮೊದಲ ಸೀಸನ್‌ನ 5ನೇ ಕಂತು. ಇದು ಗೊತ್ತಿಲ್ಲದೆ ನಾನು ಒಂದಿಡೀ ಮಧ್ಯಾಹ್ನ ಎಲ್ಲ ಕಂತೂ ಒಂದೊಂದು ಹಿಂದೆ ಇದೆ ಅಂತ ತಲೆ ಕೆಡಿಸಿಕೊಂಡಿದ್ದೆ.

ನಿಜವಾದ ಕೆಲಸ ಇರೋದು ಹೊಂದಾಣಿಕೆಯಲ್ಲಿ. ನಮ್ಮ ಟ್ಯೂನರ್ ಹಿಡಿಯುವ ಪ್ರತಿ ಚಾನೆಲ್‌ಗೂ ಗೈಡ್ ಫೈಲ್‌ನ ಯಾವ ಐಡಿ ಅಂತ ಹೇಳಿಕೊಡಬೇಕು. ಮಿಥ್‌ಟಿವಿಯಲ್ಲಿ ಚಾನೆಲ್ ಎಡಿಟರ್‌ಗೆ ಹೋಗಿ ಒಂದೊಂದಕ್ಕೂ ಎಕ್ಸ್‌ಎಂಎಲ್‌ಟಿವಿ ಐಡಿ ತುಂಬಬಹುದು. 40 ಚಾನೆಲ್, ಕೂತು ಮಾಡಿದರೆ ಒಂದೂವರೆ ಗಂಟೆ. ನಾನು ಜಾಣ, ಹೆಸರು ನೋಡಿ ತಾನೇ ಹೊಂದಿಸುವ ಸ್ಕ್ರಿಪ್ಟ್, ಅಂದ್ರೆ ಪುಟ್ಟ ಪ್ರೋಗ್ರಾಂ, ಬರೆದೆ. ಓಡಿಸಿದೆ. 40ಕ್ಕೆ 38 ಹೊಂದಿತು, ಉಳಿದ 2 ಕೈಯಲ್ಲಿ ಹಾಕಿದೆ. ಗೈಡ್ ತೆರೆದೆ. ಒಂದು ಖಾಲಿ ಮನೆ ಇಲ್ಲ, 14 ದಿನದ ಕಾರ್ಯಕ್ರಮ, ವಿವರ, ಪುಟ್ಟ ಚಿತ್ರ ಸಮೇತ. ಹಳೆಯದಕ್ಕಿಂತ ಚೆಂದ. ಸ್ಕ್ರೀನ್‌ಶಾಟ್ ತೆಗೆದು ಮ್ಯಾನೇಜರ್‌ಗೆ ಕಳಿಸಿ ಮನೆಗೆ ಹೋದೆ.

ಮಾರನೇ ದಿನ ಬೆಳಿಗ್ಗೆ ಹಿರಿಯ ಎಡಿಟರ್ ಮೇಡಂ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಏನಪ್ಪಾ, ಚರ್ಚೆ ಕೇಳಿದ್ರೆ ಅಡುಗೆ ಕಾರ್ಯಕ್ರಮ ಕೊಟ್ಟಿದ್ದೀಯಲ್ಲ?"

ನೋಡಿದೆ. ಫೈಲ್ ಹೆಸರು ಚರ್ಚೆಯದೇ. ಒಳಗೆ ಪೂರ್ತಿ ಒಂದು ಗಂಟೆ ಅಡುಗೆ. ಇನ್ನೊಂದು ಫೈಲ್ ತೆರೆದೆ, ಸಾಕ್ಷ್ಯಚಿತ್ರ ಇರಬೇಕಾದಲ್ಲಿ ಅದರ ನಂತರದ ಸುದ್ದಿ. ಇನ್ನೊಂದು, ಸರಿಯಾಗಿದೆ. ಮತ್ತೊಂದು, ಒಂದು ಗಂಟೆ ತಡ. ಎಲ್ಲೆಲ್ಲಿ ತಪ್ಪಿತ್ತೋ ಅಲ್ಲೆಲ್ಲ ಬರೋಬ್ಬರಿ ಒಂದು ಗಂಟೆ ತಡ.

ಒಂದು ಗಂಟೆ ಅಂದ ಕೂಡಲೇ ಈ ಕೆಲಸ ಮಾಡುವ ಯಾರಿಗಾದರೂ ತಲೆಗೆ ಬರೋದು ಕಾಲವಲಯ. ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ವರ್ಷಕ್ಕೆರಡು ಸಲ ಈ ಗೋಳು ಇದ್ದೇ ಇರುತ್ತದೆ. ನಾನೂ ಅದೇ ಅಂದುಕೊಂಡೆ. ಎಡಿಟರ್‌ಗಳು ಕಾಯುತ್ತಿದ್ದಾರೆ, ಮ್ಯಾನೇಜರ್ ಎರಡು ಸಲ ಬಂದು ಹೋದರು, ಇನ್ನು ನಾಲ್ಕು ಗಂಟೆಯಲ್ಲಿ ಸಂಜೆಯ ರೆಕಾರ್ಡಿಂಗ್ ಶುರು. ಫೈಲ್‌ನ ಎಲ್ಲ ಹೊತ್ತನ್ನೂ ಒಂದು ಗಂಟೆ ಹಿಂದಕ್ಕೆ ತಳ್ಳುವ ನಾಲ್ಕು ಸಾಲು ಬರೆದು, ಮತ್ತೆ ಗೈಡ್ ತುಂಬಿಸಿದೆ. ಚರ್ಚೆಯ ಚಾನೆಲ್ ನೋಡಿದೆ, ಈಗ ಸರಿ ಹೋಯಿತು. ಉಸಿರು ಬಿಟ್ಟೆ.

ಆ ಸಂಜೆ ಹಿಂದಿನ ದಿನ ಸರಿಯಿದ್ದವೆಲ್ಲ ಕೆಟ್ಟವು.

ಮೊದಲ ತಪ್ಪು ಯಾರಾದರೂ ಮಾಡುವಂಥದ್ದು. ಎರಡನೆಯದು ನನ್ನದೇ. ಕೆಲವು ಚಾನೆಲ್ ಸರಿ, ಕೆಲವು ತಪ್ಪು ಅಂತ ಬೆಳಿಗ್ಗೆಯೇ ಕಣ್ಣಾರೆ ನೋಡಿದ್ದೆನಲ್ಲ. ಕಾಲವಲಯ ಕೆಟ್ಟಿದ್ದರೆ ಒಂದೇ ಫೈಲ್‌ನಿಂದ ಬಂದ ಎಲ್ಲವೂ ಕೆಡಬೇಕಿತ್ತು. ಅಷ್ಟು ಯೋಚಿಸಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ನಾನು ಕೊಡಲಿಲ್ಲ.

ಆ ರಾತ್ರಿ ಎಲ್ಲರೂ ಹೋದಮೇಲೆ ಕಾಗದ ತಗೊಂಡು ಕೂತೆ. ಎಡಗಡೆ ಚಾನೆಲ್, ಬಲಗಡೆ ಅದಕ್ಕೆ ನನ್ನ ಸ್ಕ್ರಿಪ್ಟ್ ಹೊಂದಿಸಿದ ಐಡಿ. ತಪ್ಪಿದ 7 ಚಾನೆಲ್‌ಗಳನ್ನು ಮಾತ್ರ ಬರೆದೆ. ಮೂರನೆಯದು ಬರೆಯುವಾಗ ಕಣ್ಣಿಗೆ ಬಿತ್ತು. ಐಡಿಯ ಕೊನೆಯಲ್ಲಿ ಒಂದು ಪುಟ್ಟ 1. ಮುಂದಿನದಕ್ಕೂ ಅದೇ. ಏಳಕ್ಕೂ ಅದೇ. ಕೆಲವು ಕಡೆ ಒಂದೇ ಚಾನೆಲ್ ಎರಡು ಸಲ ಪ್ರಸಾರವಾಗುತ್ತದೆ, ಒಂದು ನೇರವಾಗಿ, ಇನ್ನೊಂದು ಒಂದು ಗಂಟೆ ತಡವಾಗಿ. ತಡವಾದದ್ದಕ್ಕೆ ಹೆಸರಿನ ಕೊನೆಗೆ ಪ್ಲಸ್ 1 ಅಂತ ಹಾಕುತ್ತಾರೆ. ನನ್ನ ಸ್ಕ್ರಿಪ್ಟ್ ಹೆಸರು ಹೋಲಿಸುವ ಮೊದಲು ಚಿಹ್ನೆ, ಅಂಕಿ, ಖಾಲಿ ಜಾಗ ಎಲ್ಲ ತೆಗೆದುಹಾಕುತ್ತಿತ್ತು. ಪ್ಲಸ್ ಹೋಯಿತು, 1 ಹೋಯಿತು, ಎರಡೂ ಒಂದೇ ಹೆಸರಾದವು. ಫೈಲ್‌ನಲ್ಲಿ ಯಾವುದು ಕೊನೆಗೆ ಸಿಕ್ಕಿತೋ ಅದು ಗೆದ್ದಿತು. ನೇರ ಚಾನೆಲ್‌ಗೆ ತಡದ ಚಾನೆಲ್‌ನ ಗೈಡ್ ಅಂಟಿಕೊಂಡಿತ್ತು.

ಗೈಡ್ ನೋಡಿ ಇದನ್ನು ಯಾರೂ ಕಂಡುಹಿಡಿಯಲು ಆಗುವುದಿಲ್ಲ, ಯಾಕಂದ್ರೆ ಅದೇ ಚಾನೆಲ್‌ನದೇ ಕಾರ್ಯಕ್ರಮಗಳು, ಅದೇ ಕ್ರಮದಲ್ಲಿ, ನಂಬುವಂತೆಯೇ ಕೂತಿರುತ್ತವೆ. ಖಾಲಿ ಮನೆ ಇದ್ದಿದ್ದರೆ ಅರ್ಧ ಗಂಟೆಯಲ್ಲಿ ಸಿಗುತ್ತಿತ್ತು.

7 ಐಡಿಯನ್ನು ಕೈಯಲ್ಲಿ ತಿದ್ದಿದೆ, ಒಂದು ಗಂಟೆ ತಳ್ಳುವ ಸ್ಕ್ರಿಪ್ಟ್ ಅಳಿಸಿದೆ. ಉಳಿದ 33 ಚಾನೆಲ್ಲನ್ನೂ ಅವತ್ತೇ ಕೈಯಲ್ಲಿ ನೋಡಿದೆ. ಒಂದೂವರೆ ಗಂಟೆ ಹಿಡಿಯಿತು.

ಅಲ್ಲಿಗೆ ಮುಗಿಯಲಿಲ್ಲ. ಆ ವಾರವೇ ಇನ್ನೆರಡು ಕಂಡವು, ಚಿಕ್ಕವೇ, ಆದರೆ ಗೈಡ್ ಬದಲಿಸುವ ಯಾರಿಗಾದರೂ ಬರುವಂಥವು. ಏನನ್ನು ಹಿಡಿಯಬೇಕು ಅಂತ ಸಾಫ್ಟ್‌ವೇರ್‌ಗೆ ಹೇಳುವ ನಮ್ಮ ರೆಕಾರ್ಡಿಂಗ್ ರೂಲ್‌ಗಳು ಕಾರ್ಯಕ್ರಮದ ಹೆಸರಿನ ಮೇಲೆ ನಿಂತಿದ್ದವು. ಹಳೆಯವರು 'ರಾತ್ರಿ ವಾರ್ತೆ' ಅಂತ ಬರೆಯುತ್ತಿದ್ದುದನ್ನು ಹೊಸಬರು 'ರಾತ್ರಿಯ ವಾರ್ತೆ' ಅಂತ ಬರೆದರೆ ರೂಲ್‌ಗೆ ಅದು ಬೇರೆಯೇ ಕಾರ್ಯಕ್ರಮ. ಅದು ತಪ್ಪು ಅಂತ ಎಲ್ಲೂ ಕೆಂಪಕ್ಷರದಲ್ಲಿ ಬರುವುದಿಲ್ಲ. ಸುಮ್ನೆ ರೆಕಾರ್ಡ್ ಆಗುವುದಿಲ್ಲ, ಅಷ್ಟೇ. ಇನ್ನೊಂದು ಇದರ ಉಲ್ಟಾ. ಹಿಂದೆ ಹಿಡಿದಿದ್ದನ್ನೇ ಮತ್ತೆ ಹಿಡಿಯದಿರಲು ಸಾಫ್ಟ್‌ವೇರ್ ಪ್ರತಿ ಕಂತಿನ ಗುರುತಿನ ಸಂಖ್ಯೆ, ವಿವರ ನೆನಪಿಟ್ಟಿರುತ್ತದೆ. ಗೈಡ್ ಬದಲಾದ ಮೇಲೆ ಗುರುತೂ ಬದಲು, ವಿವರದ ಮಾತೂ ಬದಲು. ಹಾಗಾಗಿ ಎರಡು ವರ್ಷದ ಹಿಂದಿನ ಮರುಪ್ರಸಾರವೂ ಅದಕ್ಕೆ ಹೊಚ್ಚಹೊಸದು. ಮೂರು ದಿನದಲ್ಲಿ ಡಿಸ್ಕ್ ತುಂಬಿತು.

ಇಐಟಿಯನ್ನು ಎಲ್ಲ ಚಾನೆಲ್‌ಗೂ ಆಫ್ ಮಾಡಿದೆ. ಮಿಥ್‌ಟಿವಿಯಲ್ಲಿ ಪ್ರತಿ ಚಾನೆಲ್‌ಗೂ ಆ ಆಯ್ಕೆ ಇದೆ. ಟಿವಿಹೆಡ್‌ಎಂಡ್ ಅನ್ನೋ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರು ಗೈಡ್ ಮೂಲಗಳಿಗೆ ಆದ್ಯತೆಯ ಸಂಖ್ಯೆ ಕೊಡಬಹುದು. ಎರಡು ಕಡೆಯಿಂದ ಒಂದೇ ಚಾನೆಲ್‌ಗೆ ಗೈಡ್ ಬಂದರೆ, ಇದು ಬರೆದಿದ್ದನ್ನು ಅದು ಅಳಿಸುತ್ತದೆ, ಅದು ಬರೆದಿದ್ದನ್ನು ಇದು.

ಹೊತ್ತಿಗೆ ಸರಿಯಾಗಿ ತಾನೇ ಗೈಡ್ ತರಿಸುವ ಕ್ರಾನ್ ಅನ್ನೋ ವ್ಯವಸ್ಥೆಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ದಿನಕ್ಕೊಮ್ಮೆ 14 ದಿನದ್ದು, ಇವತ್ತು-ನಾಳೆಯದು ಮಾತ್ರ 6 ಗಂಟೆಗೊಮ್ಮೆ, ಕೊನೇ ಗಳಿಗೆಯ ಬದಲಾವಣೆ ತಪ್ಪದಿರಲಿ ಅಂತ. ಸರಿಯಾಗಿ ನಡುರಾತ್ರಿ 12ಕ್ಕೆ ಇಡಬೇಡಿ, ಊರೆಲ್ಲ ಆಗಲೇ ಕೇಳುತ್ತಿರುತ್ತದೆ. ಇಳಿಸಿದ ಫೈಲನ್ನು ಮೊದಲು ಬೇರೆ ಹೆಸರಲ್ಲಿಟ್ಟು, ಗಾತ್ರ ನೋಡಿ, ಎಕ್ಸ್‌ಎಂಎಲ್ ಸರಿಯಿದೆಯಾ ಪರೀಕ್ಷಿಸಿ, ಆಮೇಲೆ ಹಳೆಯದರ ಜಾಗಕ್ಕೆ ತನ್ನಿ. ಅರ್ಧಕ್ಕೆ ನಿಂತ ಫೈಲ್‌ಗಿಂತ ನಿನ್ನೆಯ ಪೂರ್ತಿ ಫೈಲ್ ಎಷ್ಟೋ ವಾಸಿ. ಕಾರ್ಯಕ್ರಮಕ್ಕೆ ಮುಂಚೆ 2 ನಿಮಿಷ, ಆಮೇಲೆ 5 ನಿಮಿಷ ಹೆಚ್ಚುವರಿ ಇಟ್ಟಿದ್ದೇವೆ. ಟ್ಯೂನರ್ ಸಾಲದಿದ್ದರೆ ಈ ಹೆಚ್ಚುವರಿ ನಿಮಿಷಗಳೇ ಒಂದಕ್ಕೊಂದು ಜಗಳಕ್ಕೆ ಬೀಳುತ್ತವೆ. ಎರಡು ಚಾನೆಲ್ ಒಂದೇ ಕಂಪನಾಂಕದ ಗುಂಪಿನಲ್ಲಿ ಬರುತ್ತಿದ್ದರೆ ಮಾತ್ರ ಒಂದೇ ಟ್ಯೂನರ್ ಎರಡನ್ನೂ ಹಿಡಿಯುತ್ತದೆ. ತಪ್ಪಿಸಲೇಬಾರದ 4 ಕಾರ್ಯಕ್ರಮಕ್ಕೆ ಗೈಡಿನ ಗೊಡವೆಯೇ ಬೇಡ ಅಂತ ಗಡಿಯಾರ ನೋಡಿ ಹಿಡಿಯುವ ರೂಲ್ ಹಾಕಿದೆ. ಚೆಂದ ಇಲ್ಲ, ಫೈಲ್‌ಗೆ ಹೆಸರೂ ಇಲ್ಲ. ನನಗೆ ಅದೇ ಇಷ್ಟ.

ಇನ್ನು ಇಐಟಿ. ಅದು ಒಂದು ವಾರದ್ದು ಕೊಡದಿದ್ದರೂ ಈಗ ಏನು ಬರುತ್ತಿದೆ ಅಂತ ಪ್ರಸಾರದ ಜೊತೆಗೇ ಹೇಳುತ್ತದೆ. ಗೈಡ್ ತುಂಬಲು ಆಫ್ ಮಾಡಿದ್ದನ್ನೇ ಗೈಡ್ ಪರೀಕ್ಷಿಸಲು ಇಟ್ಟುಕೊಂಡೆ. ಗಂಟೆಗೊಮ್ಮೆ ಒಂದು ಸ್ಕ್ರಿಪ್ಟ್, ಬಿಡುವಿರುವ ಟ್ಯೂನರ್‌ನಲ್ಲಿ ಒಂದೊಂದೇ ಚಾನೆಲ್ ತಿರುಗಿಸಿ, ಅದರ ಇಐಟಿಯಲ್ಲಿ ಈಗ ಅಂತ ಇರುವುದನ್ನೂ ನಮ್ಮ ಗೈಡ್‌ನಲ್ಲಿ ಈಗ ಅಂತ ಇರುವುದನ್ನೂ ಹೋಲಿಸುತ್ತದೆ. ಮೊದಲು ಶುರುವಾಗುವ ಹೊತ್ತು ಮಾತ್ರ ಹೋಲಿಸಿದೆ, ಹೆಸರಿನ ಕಾಗುಣಿತದ ತಂಟೆ ಬೇಡ ಅಂತ. ಆಮೇಲೆ ಬೇಕೆಂದೇ ಒಂದು ಚಾನೆಲ್‌ಗೆ ಹಳೆಯ ತಪ್ಪು ಐಡಿ ಹಾಕಿ ನೋಡಿದೆ. ಸ್ಕ್ರಿಪ್ಟ್ ಎಲ್ಲ ಸರಿಯಿದೆ ಅಂತು! ಆ ಚಾನೆಲ್‌ನಲ್ಲಿ ಎಲ್ಲ ಕಾರ್ಯಕ್ರಮವೂ ಗಂಟೆಗೆ ಸರಿಯಾಗಿ ಶುರು, ಒಂದು ಗಂಟೆ ತಡವಾದದ್ದೂ ಗಂಟೆಗೆ ಸರಿಯಾಗೇ ಶುರು. ಈಗ ಹೆಸರಿನ ಮೊದಲ ಪದವನ್ನೂ ಹೋಲಿಸುತ್ತದೆ. ದಿನಕ್ಕೆ ಮೂರೋ ನಾಲ್ಕೋ ಸುಳ್ಳು ಎಚ್ಚರಿಕೆ ಬರುತ್ತವೆ, ಕಾಗುಣಿತದ್ದೇ. ಬರಲಿ ಬಿಡಿ, ಓದುತ್ತೇನೆ.

ಮೇಡಂಗೆ ಈ ಸ್ಕ್ರಿಪ್ಟ್ ತೋರಿಸಿದೆ, ಹೆಮ್ಮೆಯಿಂದಲೇ. ಚೆನ್ನಾಗಿದೆ ಅಂದರು. ಆದರೂ ಬೆಳಿಗ್ಗೆ ಬಂದ ಕೂಡಲೇ ಪ್ರತಿ ಫೈಲ್‌ನ ಮಧ್ಯದ ಹತ್ತು ಸೆಕೆಂಡು ತೆರೆದು ನೋಡುವುದನ್ನು ಅವರು ಬಿಟ್ಟಿಲ್ಲ. ಮಧ್ಯದ್ದು ಯಾಕೆ ಮೇಡಂ ಅಂತ ಕೇಳಿದೆ. "ಶುರುವಿನಲ್ಲಿ ಬರೀ ಜಾಹೀರಾತು ಇರುತ್ತೆ ಕಣಪ್ಪಾ, ಯಾವ ಕಾರ್ಯಕ್ರಮ ಅಂತ ಹೇಗೆ ಗೊತ್ತಾಗುತ್ತೆ?" ಅಂದರು. ನಾನು ಅಷ್ಟು ದಿನ ಶುರುವನ್ನೇ ನೋಡುತ್ತಿದ್ದೆ.